ಹೆಗಲಿಗೆ ಒದೆಯದ ಕೋವಿ: ಮಕ್ಕಳ ಮೊದಲ ಜಿಂಕೆ ಶಿಕಾರಿಗೆ ರೈಫಲ್ ಆರಿಸುವುದು ಹೇಗೆ?

ಆ ಶನಿವಾರ ಮಗಳು ಹೊಡೆದಿದ್ದು ಎರಡೇ ಈಡು. ಮೂರನೆಯ ತೋಟಾ ಕೈಗೆ ಕೊಡಲು ಹೋದರೆ "ಸಾಕಪ್ಪಾ, ಬೇಡ" ಅಂದಳು. ವಿಸ್ಕಾನ್ಸಿನ್‌ನ ಒಂದು ಶೂಟಿಂಗ್ ರೇಂಜ್ ಅದು. ಅವಳಿಗೆ ಆಗ ಹನ್ನೆರಡು ವರ್ಷ. ಗೆಳೆಯರೊಬ್ಬರು ಪ್ರೀತಿಯಿಂದ ಕೊಟ್ಟಿದ್ದ .308 (ಇಂಚಿನಲ್ಲಿ ಗುಂಡಿನ ಅಗಲ) ರೈಫಲ್. ತುಂಬಾ ಹಗುರ, ಮಗುವಿಗೆ ಎತ್ತಿ ಹಿಡಿಯೋಕೆ ಸುಲಭ ಅಂತ ನಾನೂ ಖುಷಿಪಟ್ಟಿದ್ದೆ. ಮನೆಗೆ ಬಂದು ಅಂಗಿ ಸರಿಸಿ ನೋಡಿದರೆ ಹೆಗಲ ಮೇಲೆ ಅಂಗೈ ಅಗಲ ಕೆಂಪು. ಆ ಕೆಂಪು ಎರಡು ದಿನಕ್ಕೆ ಹೋಯಿತು. ಆದರೆ ಈಡು ಸಿಡಿಯುವ ಮೊದಲೇ ಕಣ್ಣು ಮುಚ್ಚಿಕೊಳ್ಳುವ ಅಭ್ಯಾಸ ಬಿಡಿಸಲು ಇಡೀ ಬೇಸಿಗೆ ಬೇಕಾಯಿತು.

ಹೆದರಿದ ಮಗುವಿನ ಗುಂಡು ಜಿಂಕೆಯ ಎದೆಗೆ ಬೀಳುವುದಿಲ್ಲ. ಹೊಟ್ಟೆಗೋ ಕಾಲಿಗೋ ಬೀಳುತ್ತದೆ. ಗಾಯಗೊಂಡ ಪ್ರಾಣಿ ಓಡಿಹೋಗಿ ಎಲ್ಲೋ ನರಳುತ್ತದೆ. ಹಾಗಾಗಿ ಒದೆತ ಕಡಿಮೆ ಇರುವ ರೈಫಲ್ ಆರಿಸುವುದು ಮಗುವಿನ ಹೆಗಲಿಗಷ್ಟೇ ಸಂಬಂಧಪಟ್ಟ ವಿಷಯ ಅಲ್ಲ, ಜಿಂಕೆಗೂ ನಾವು ತೋರಿಸಬೇಕಾದ ಮರ್ಯಾದೆ ಅದು.

ಇಲ್ಲಿ ಹೇಳುವುದೆಲ್ಲ ಅಮೆರಿಕದ ಮಾತು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ, ಕಡವೆ ಶಿಕಾರಿ ಅಪರಾಧ. ಅಮೆರಿಕದಲ್ಲಿ ಬಿಳಿಬಾಲದ ಜಿಂಕೆಗಳ ಸಂಖ್ಯೆ ಹಿಡಿತದಲ್ಲಿಡಲು ರಾಜ್ಯ ಸರ್ಕಾರಗಳೇ ಲೈಸೆನ್ಸ್ ಕೊಟ್ಟು ಶಿಕಾರಿ ನಡೆಸುತ್ತವೆ. ವಿಸ್ಕಾನ್ಸಿನ್‌ನಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಶುರುವಾಗುವ ಒಂಬತ್ತು ದಿನಗಳ ಸೀಸನ್ ಒಂದು ಜಾತ್ರೆ ಇದ್ದ ಹಾಗೆ. ಸಹಪಾಠಿಗಳೆಲ್ಲ ಅಪ್ಪ, ಅಜ್ಜನ ಜೊತೆ ಕಾಡಿಗೆ ಹೋಗುವಾಗ ನಮ್ಮ ಮಕ್ಕಳೂ ಕೇಳುತ್ತಾರೆ, ಅಲ್ವಾ?

ಮೊದಲು ಕಾಗದ ಪತ್ರ

ಅಂಗಡಿಗೆ ಹೋಗುವ ಮೊದಲು ನಿಮ್ಮ ವೀಸಾ ನೋಡಿಕೊಳ್ಳಿ. ಗ್ರೀನ್ ಕಾರ್ಡ್ ಇದ್ದವರಿಗೆ ಫೆಡರಲ್ ಕಾನೂನಿನಲ್ಲಿ ರೈಫಲ್ ಕೊಳ್ಳಲು ಅಡ್ಡಿ ಇಲ್ಲ. ಎಚ್‌-1ಬಿ ಥರದ ವೀಸಾದಲ್ಲಿರುವವರು ಬಂದೂಕು ಇಟ್ಟುಕೊಳ್ಳುವಂತಿಲ್ಲ ಅನ್ನುವುದು ಮೂಲ ನಿಯಮ. ಚಾಲ್ತಿಯಲ್ಲಿರುವ ಶಿಕಾರಿ ಲೈಸೆನ್ಸ್ ಇದ್ದರೆ ಅದಕ್ಕೆ ವಿನಾಯಿತಿ ಇದೆ. ಆದರೂ ಸುಮ್ನೆ ಯಾರೋ ಹೇಳಿದರು ಅಂತ ಹೋಗಬೇಡಿ, ವಕೀಲರನ್ನು ಕೇಳಿ. ಇದರಲ್ಲಿ ಎಡವಿದರೆ ವೀಸಾಗೇ ಕುತ್ತು.

ಹದಿನೆಂಟು ತುಂಬದವರಿಗೆ ಅಂಗಡಿಯವರು ರೈಫಲ್ ಮಾರುವಂತಿಲ್ಲ. ಕೊಳ್ಳುವುದು, ಬೀಗ ಹಾಕಿ ಇಡುವುದು ದೊಡ್ಡವರ ಕೆಲಸ. ವಿಸ್ಕಾನ್ಸಿನ್‌ನಲ್ಲಿ 1973ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರು ಲೈಸೆನ್ಸ್‌ಗೆ ಮೊದಲು ಶಿಕಾರಿ ಸುರಕ್ಷತಾ ಕೋರ್ಸ್ ಮಾಡಬೇಕು. ಮಗುವಿನ ಜೊತೆ ನೀವೂ ಕೂತುಕೊಳ್ಳಿ. ನಾನು ಕೂತಿದ್ದೆ, ಮಗಳಿಗಿಂತ ಜಾಸ್ತಿ ಕಲಿತೆ. ಎಲ್ಲ ಕೋವಿಯನ್ನೂ ತುಂಬಿದ ಕೋವಿ ಎಂದೇ ತಿಳಿ, ನಳಿಗೆಯನ್ನು ಸದಾ ಅಪಾಯವಿಲ್ಲದ ಕಡೆಗೇ ತಿರುಗಿಸಿಡು, ಗುರಿ ಯಾವುದು ಮತ್ತು ಅದರ ಹಿಂದೆ ಏನಿದೆ ಅಂತ ಖಚಿತ ಮಾಡಿಕೋ, ಹೊಡೆಯುವವರೆಗೆ ಬೆರಳನ್ನು ಟ್ರಿಗ್ಗರ್‌ನಿಂದ ಹೊರಗಿಡು. ಈ ನಾಲ್ಕು ಮಾತು ಮಗುವಿಗೆ ಮಗ್ಗಿಯ ಹಾಗೆ ಬಾಯಿಗೆ ಬರಬೇಕು.

ಯಾವ ತೋಟಾ ನಡೆಯುತ್ತದೆ ಅನ್ನುವುದೂ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕೊಲರಾಡೋದಲ್ಲಿ ಜಿಂಕೆಗೆ ಕನಿಷ್ಠ .24 ಕ್ಯಾಲಿಬರ್ (ಅಗಲ), 70 ಗ್ರೇನ್ (ತೂಕ, ಸುಮಾರು ನಾಲ್ಕೂವರೆ ಗ್ರಾಂ) ಗುಂಡು ಬೇಕು. ವಿಸ್ಕಾನ್ಸಿನ್‌ನಲ್ಲಿ .22 ಸೆಂಟರ್‌ಫೈರ್ (ತಳದ ನಡುವೆ ಕಿಡಿ ಹೊತ್ತುವ ತೋಟಾ) ಕೂಡ ನಡೆಯುತ್ತದೆ. ಓಹಾಯೋ, ಅಯೋವಾ ಕಡೆ ನೇರ ಗೋಡೆಯ (ಚಿಪ್ಪಿನ ಕತ್ತು ಕಿರಿದಾಗದ) ತೋಟಾದ ನಿಯಮ ಇದೆ. ಅಲ್ಲಿದ್ದರೆ ಮುಂದೆ ಹೇಳುವ .243 ಮುಂತಾದ ತೋಟಾಗಳನ್ನು ಬಿಟ್ಟು, 2019ರಲ್ಲಿ ಬಂದ .350 ಲೆಜೆಂಡ್ ನೋಡಿ. ಒದೆತ ಕಡಿಮೆ, 150 ಗಜದೊಳಗೆ ಕೆಲಸಕ್ಕೆ ಸಾಕು.

ರೈಫಲ್‌ಗಿಂತ ಮೊದಲು ಮಗುವನ್ನು ಅಳೆಯಿರಿ

ಬಟ್ಟೆ ಅಂಗಡಿಯಲ್ಲಿ ಅಳತೆ ನೋಡದೆ ಕೊಳ್ಳುತ್ತೇವೆಯೇ? ಇಲ್ಲೂ ಹಾಗೆಯೇ. ರೈಫಲ್ ಖಾಲಿ ಇದೆ ಅಂತ ಎರಡು ಸಲ ನೋಡಿ. ಮಗು ಮೊಣಕೈಯನ್ನು ಲಂಬಕೋನಕ್ಕೆ ಮಡಚಲಿ. ಬಟ್‌ನ (ಹೆಗಲಿಗೆ ಒತ್ತುವ ಹಿಂಭಾಗ) ತುದಿಯನ್ನು ಮೊಣಕೈ ಒಳಮಡಿಕೆಗೆ ತಾಗಿಸಿ. ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತೆ ಆರಾಮಾಗಿ ಟ್ರಿಗ್ಗರ್ ಮೇಲೆ ಕೂರಬೇಕು. ಎಟುಕದಿದ್ದರೆ ಬಟ್ ಉದ್ದ ಜಾಸ್ತಿ.

ದೊಡ್ಡವರ ರೈಫಲ್‌ನಲ್ಲಿ ಬಟ್ ತುದಿಯಿಂದ ಟ್ರಿಗ್ಗರ್‌ವರೆಗೆ ಸಾಮಾನ್ಯವಾಗಿ 13.5 ಇಂಚಿನ ಆಸುಪಾಸು. ಮಕ್ಕಳಿಗೆ 12ರಿಂದ 12.5 ಇಂಚು. ಉದ್ದ ಜಾಸ್ತಿಯಾದರೆ ಮಗು ಬಟ್ಟನ್ನು ಹೆಗಲ ಗುಳಿಯಲ್ಲಿ ಇಡಲಾಗದೆ ತೋಳಿನ ಮೇಲೆ ಇಟ್ಟುಕೊಳ್ಳುತ್ತದೆ. ಒದೆತ ನೇರ ಮೂಳೆಗೆ! ಮಗಳ ಹೆಗಲು ಕೆಂಪಾಗಲು ಅರ್ಧ ಕಾರಣ ಇದೇ. ನವೆಂಬರ್‌ನಲ್ಲಿ ದಪ್ಪ ಜಾಕೆಟ್ ಹಾಕಿರುತ್ತಾರೆ, ಅದಕ್ಕೂ ಅರ್ಧ ಇಂಚು ಹೋಗುತ್ತದೆ. ಹಾಗಾಗಿ ಜಾಕೆಟ್ ಹಾಕಿಸಿಯೇ ಅಳೆಯಿರಿ.

ಮಕ್ಕಳು ಬೆಳೆಯುತ್ತಾರೆ. ಮಧ್ಯೆ ಬಿಲ್ಲೆ ಸೇರಿಸಿ ಬಟ್ ಉದ್ದ ಮಾಡಬಹುದಾದ ಮಾದರಿ ಸಿಕ್ಕರೆ ಒಳ್ಳೆಯದು. ಮಾಸ್‌ಬರ್ಗ್ ಪೇಟ್ರಿಯಟ್ ಸೂಪರ್ ಬ್ಯಾಂಟಮ್ 12ರಿಂದ 13 ಇಂಚಿಗೆ ಹೊಂದಿಕೊಳ್ಳುತ್ತದೆ. ರುಗರ್ ಅಮೆರಿಕನ್, ಸ್ಯಾವೇಜ್ ಆಕ್ಸಿಸ್‌ಗಳಿಗೂ ಗಿಡ್ಡ ಬಟ್‌ನ ಮಾದರಿಗಳಿವೆ. ಮೂರೂ ಬೋಲ್ಟ್ ಎಳೆದು ಹೊಡೆಯುವ ರೈಫಲ್‌ಗಳು, ಒಂದು ಈಡಿಗೂ ಇನ್ನೊಂದಕ್ಕೂ ನಡುವೆ ಮಗುವಿಗೆ ಉಸಿರಾಡಲು ಸಮಯ ಕೊಡುತ್ತವೆ.

ಹಗುರ ರೈಫಲ್ ಎಂಬ ಬಲೆ

ನಾನು ಬಿದ್ದಿದ್ದು ಇದೇ ಬಲೆಗೆ. ಚಿಕ್ಕ ಮಗು, ಹಗುರ ಕೋವಿ. ಕೇಳಲು ಸರಿ ಅನಿಸುತ್ತದೆ. ಆದರೆ ಗುಂಡು ಮುಂದೆ ಹೋಗುವಷ್ಟೇ ಬಲವಾಗಿ ರೈಫಲ್ ಹಿಂದೆ ಬರುತ್ತದೆ. ರೈಫಲ್ ಭಾರ ಇದ್ದಷ್ಟೂ ನಿಧಾನ ಬರುತ್ತದೆ. ಅದೇ ತೋಟಾವನ್ನು 8 ಪೌಂಡ್ ರೈಫಲ್ ಬದಲು 6 ಪೌಂಡ್ ರೈಫಲ್‌ನಲ್ಲಿ ಹೊಡೆದರೆ ಒದೆತದ ಶಕ್ತಿ ಮೂರನೇ ಒಂದು ಭಾಗದಷ್ಟು ಏರುತ್ತದೆ.

ರೈಫಲ್ ಮೇಲಿನ ದುರ್ಬೀನು, ಹೆಗಲ ಬೆಲ್ಟು ಎಲ್ಲ ಸೇರಿ ಏಳು, ಏಳೂವರೆ ಪೌಂಡ್ ಇರಲಿ ಅನ್ನುವುದು ನನ್ನ ಅಭಿಪ್ರಾಯ. ಅಂದರೆ ಮೂರು ಕಿಲೋಗಿಂತ ಸ್ವಲ್ಪ ಜಾಸ್ತಿ. ಮಗು ಅದನ್ನು ಕೈಯಲ್ಲೇ ಎತ್ತಿ ಹಿಡಿದು ಹೊಡೆಯಬೇಕಾಗಿಲ್ಲ. ಮೂರು ಕಾಲಿನ ಊರುಗೋಲೋ ಅಟ್ಟಣೆಯ ಕಂಬಿಯೋ ಭಾರ ಹೊರುತ್ತದೆ. ಪ್ಲಾಸ್ಟಿಕ್ ಬಟ್ ಒಳಗೆ ಹೆಚ್ಚಾಗಿ ಟೊಳ್ಳು ಇರುತ್ತದೆ. ಹಿಂದಿನ ರಬ್ಬರ್ ಪ್ಯಾಡಿನ ಎರಡು ಸ್ಕ್ರೂ ಬಿಚ್ಚಿ ನೋಡಿ. ನಾವು ಸೀಸದ ಚರೆಯನ್ನು ಹಳೆ ಕಾಲುಚೀಲಕ್ಕೆ ತುಂಬಿ, ಗಂಟು ಕಟ್ಟಿ, ಅಲುಗದ ಹಾಗೆ ಬಟ್ಟೆ ತುರುಕಿ ಮುಚ್ಚಿದೆವು. ಅರ್ಧ ಕಿಲೋ. ಮಗಳೇ ಗಂಟು ಹಾಕಿದ್ದು. ಅದೇ ಹೊತ್ತಿಗೆ ತೆಳ್ಳನೆಯ ಪ್ಯಾಡ್ ತೆಗೆದು ಮೆತ್ತನೆಯದು ಹಾಕಿ.

ನಳಿಗೆ ತುದಿಗೆ ಹಾಕುವ ಬ್ರೇಕ್ (ಮದ್ದಿನ ಹೊಗೆಯನ್ನು ಪಕ್ಕಕ್ಕೆ ತಿರುಗಿಸುವ ತೂತುಗಳ ಕೊಳವೆ) ಒದೆತವನ್ನು ನಿಜಕ್ಕೂ ಇಳಿಸುತ್ತದೆ. ಆದರೆ ಸದ್ದನ್ನು ಪಕ್ಕಕ್ಕೆ, ಹಿಂದಕ್ಕೆ ತಳ್ಳುತ್ತದೆ. ಮಗುವಿನ ಕಿವಿಗೆ, ಪಕ್ಕ ಕೂತ ನಿಮ್ಮ ಕಿವಿಗೆ ಅದು ಹೊಡೆತ. ನಾನಂತೂ ಹಾಕಿಸುವುದಿಲ್ಲ.

ತೋಟಾ ಯಾವುದು?

ಏಳೂವರೆಯಿಂದ ಎಂಟು ಪೌಂಡಿನ ರೈಫಲ್‌ನಲ್ಲಿ ಒದೆತದ ಶಕ್ತಿಯ ಲೆಕ್ಕ, ಅಡಿ-ಪೌಂಡ್ ಅಳತೆಯಲ್ಲಿ, ಸುಮಾರು ಹೀಗಿದೆ. 180 ಗ್ರೇನ್ ಗುಂಡಿನ .30-06ಗೆ 20 ಅಡಿ-ಪೌಂಡ್. 150 ಗ್ರೇನ್‌ನ .308ಗೆ 16. 140 ಗ್ರೇನ್‌ನ 7ಎಂಎಂ-08, 6.5 ಕ್ರೀಡ್‌ಮೂರ್ ಎರಡಕ್ಕೂ 12ರ ಆಸುಪಾಸು. 100 ಗ್ರೇನ್‌ನ .243ಗೆ 9 ಅಥವಾ 10.

ಚಿಕ್ಕವರಿಗೆ ನಾನು ಮೊದಲು ಹೇಳುವುದು .243 ವಿಂಚೆಸ್ಟರ್. .308ರ ಚಿಪ್ಪಿನ ಕತ್ತು ಕಿರಿದು ಮಾಡಿ 1955ರಲ್ಲಿ ತಂದ ತೋಟಾ ಇದು. ಯಾವ ಹಳ್ಳಿಯ ಅಂಗಡಿಯಲ್ಲೂ ಸಿಗುತ್ತದೆ. ಇದಕ್ಕೆ ಒಂದು ದೌರ್ಬಲ್ಯ ಇದೆ, ಗುಂಡು ಆರಿಸುವಾಗ ಎಚ್ಚರ ಬೇಕು. 55, 58 ಗ್ರೇನ್‌ನ ಹಗುರ ಗುಂಡುಗಳು ನರಿ, ಹೆಗ್ಗಣದಂಥ ಪ್ರಾಣಿಗೆ ಮಾಡಿದವು. ಜಿಂಕೆಯ ಚರ್ಮದ ಹತ್ತಿರವೇ ಒಡೆದು ಪುಡಿಯಾಗುತ್ತವೆ, ಎದೆಗೂಡಿನ ಒಳಗೆ ಹೋಗುವುದಿಲ್ಲ. ಡಬ್ಬಿ ಮೇಲೆ 90ರಿಂದ 100 ಗ್ರೇನ್, ಜಿಂಕೆಗೆ ಅಂತ ಬರೆದಿರಬೇಕು. ಒಳಗೆ ಹೋಗಿ ಅಣಬೆಯ ಹಾಗೆ ಅರಳುವ ಗುಂಡು ಬೇಕು. ಅರಳದ, ಪೂರ್ತಿ ಕವಚದ ಗುಂಡು ಬೇಡ. ಎಷ್ಟೋ ರಾಜ್ಯಗಳಲ್ಲಿ ಅದಕ್ಕೆ ಅವಕಾಶವೂ ಇಲ್ಲ.

ಬರೀ ತಾಮ್ರದ ಗುಂಡಾದರೆ 80, 85 ಗ್ರೇನ್ ಸಾಕು. ಅದು ಚೂರಾಗುವುದಿಲ್ಲ, ಆಳಕ್ಕೆ ಹೋಗುತ್ತದೆ. ಸೀಸದ ಗುಂಡಿನ ಕಣ್ಣಿಗೆ ಕಾಣದ ಚೂರುಗಳು ಮಾಂಸದಲ್ಲಿ ದೂರದವರೆಗೆ ಹರಡುತ್ತವೆ. ಮಕ್ಕಳು ಅದೇ ಮಾಂಸದ ಸಾರು ತಿನ್ನುತ್ತಾರೆ ಅನ್ನುವುದು ನೆನಪಿರಲಿ. ಕ್ಯಾಲಿಫೋರ್ನಿಯಾದಲ್ಲಿ 2019ರಿಂದ ಶಿಕಾರಿಗೆ ಸೀಸದ ಗುಂಡು ನಿಷೇಧ. ತಾಮ್ರಕ್ಕೆ ದುಡ್ಡು ಜಾಸ್ತಿ, ಆದರೆ ಒಂದು ಸೀಸನ್‌ಗೆ ಬೇಕಾಗುವುದು ಒಂದೆರಡು ಡಬ್ಬಿ ಅಷ್ಟೇ.

ಹದಿಮೂರು, ಹದಿನಾಲ್ಕರ ಗಟ್ಟಿಮುಟ್ಟಾದ ಮಗುವಿಗೆ 7ಎಂಎಂ-08 ಇನ್ನೂ ಒಳ್ಳೆಯದು. ಇದೂ .308ರ ಚಿಪ್ಪಿನಿಂದಲೇ ಬಂದದ್ದು, 1980ರಲ್ಲಿ ರೆಮಿಂಗ್ಟನ್ ತಂದಿತು. ಈಗ 120 ಗ್ರೇನ್‌ನ ಕಡಿಮೆ ಒದೆತದ ತೋಟಾ ಹಾಕಿ, ಬೆಳೆದ ಮೇಲೆ 140 ಹಾಕಿ. ರೈಫಲ್ ಬದಲಿಸಬೇಕಾಗಿಲ್ಲ. ಮನೆಯಲ್ಲಿ ಈಗಾಗಲೇ .308 ಇದ್ದರೆ ಇದೇ ಉಪಾಯ. ಹಾರ್ನಡಿಯ ಕಸ್ಟಮ್ ಲೈಟ್ ಥರದ 125 ಗ್ರೇನ್ ತೋಟಾ ಸಿಗುತ್ತದೆ. ಅದರಲ್ಲಿ ಮದ್ದೂ ಕಡಿಮೆ, ಗುಂಡಿನ ತೂಕವೂ ಕಡಿಮೆ. ಬಟ್ ಮಾತ್ರ ಮಗುವಿನ ಅಳತೆಗೆ ಇರಬೇಕು. ಒಂದು ವಿಷಯ: ತೋಟಾ ಬದಲಾದರೆ ಗುಂಡು ಬೀಳುವ ಜಾಗವೂ ಬದಲಾಗುತ್ತದೆ. ಯಾವುದರಲ್ಲಿ ಶಿಕಾರಿಗೆ ಹೋಗುತ್ತೀರೋ ಅದರಲ್ಲೇ ಗುರಿ ಹೊಂದಿಸಿ.

.223 ಹೇಗೆ ಅಂತ ತುಂಬ ಜನ ಕೇಳುತ್ತಾರೆ. ಒದೆತ ಇಲ್ಲವೆಂದೇ ಹೇಳಬೇಕು. ಒಳ್ಳೆ ಗುಂಡು, ಹತ್ತಿರದ ದೂರ, ಸರಿಯಾದ ಜಾಗ, ಮೂರೂ ಕೂಡಿದರೆ ಕೆಲಸ ಆಗುತ್ತದೆ. ಆದರೆ ಸ್ವಲ್ಪ ತಪ್ಪಿದರೆ ತಿದ್ದಿಕೊಳ್ಳಲು ಜಾಗವೇ ಇರುವುದಿಲ್ಲ. ತಪ್ಪುವುದು ಹೊಸಬರೇ ತಾನೆ? ನಾನು ಆರಿಸಲಿಲ್ಲ.

ಭಯ ಇರುವುದು ಕಿವಿಯಲ್ಲಿ

ಹೆಗಲಿಗಿಂತ ಸದ್ದೇ ಮಕ್ಕಳನ್ನು ಜಾಸ್ತಿ ಹೆದರಿಸುತ್ತದೆ. ಇದು ನನಗೆ ತಡವಾಗಿ ಗೊತ್ತಾಯಿತು. ರೈಫಲ್‌ನ ಸದ್ದು 140 ಡೆಸಿಬೆಲ್ ದಾಟುತ್ತದೆ, ಒಂದೇ ಈಡಿಗೆ ಕಿವಿ ಕೆಡಬಹುದು. ಒಳಗೆ ಮೆತ್ತನೆಯ ಬತ್ತಿ, ಮೇಲೆ ಕಿವಿಮುಚ್ಚಿಗೆ, ಎರಡೂ ಬೇಕು. ರೇಂಜ್‌ನಲ್ಲಿ ಜನ ಕಡಿಮೆ ಇರುವ ಹೊತ್ತು ಹೋಗಿ. ಪಕ್ಕದ ಮೇಜಿನ ದೊಡ್ಡ ಕೋವಿಯ ಸದ್ದಿಗೂ ಮಗು ಬೆಚ್ಚುತ್ತದೆ.

ದುರ್ಬೀನು ಕಣ್ಣಿಂದ ಮೂರೂವರೆ, ನಾಲ್ಕು ಇಂಚು ದೂರ ಇರಬೇಕು. ಹತ್ತಿರ ಇದ್ದರೆ ಅದರ ಅಂಚು ಹುಬ್ಬಿಗೆ ಬಡಿದು ರಕ್ತ ಬರುತ್ತದೆ. ಒಮ್ಮೆ ಬಡಿದರೆ ಆ ಮಗು ಮತ್ತೆ ಕೋವಿ ಮುಟ್ಟಲಿಕ್ಕಿಲ್ಲ.

ಅಭ್ಯಾಸವೆಲ್ಲ .22 ರಿಮ್‌ಫೈರ್‌ನಲ್ಲೇ (ತಳದ ಅಂಚಿನಲ್ಲಿ ಕಿಡಿ ಹೊತ್ತುವ ಚಿಕ್ಕ ತೋಟಾ) ನಡೆಯಲಿ. ನೂರಾರು ಈಡು ಹೊಡೆಯಲಿ. ದೊಡ್ಡ ರೈಫಲ್‌ನಲ್ಲಿ ಒಂದು ದಿನಕ್ಕೆ ಐದಾರು ಸಾಕು, ಕೊನೆಗೆ ಮತ್ತೆ .22 ಕೊಟ್ಟು ನಗುತ್ತಾ ಮನೆಗೆ ಕರೆದುಕೊಂಡು ಬನ್ನಿ.

ಮಗು ಬೆಚ್ಚುತ್ತಿದೆಯೋ ಇಲ್ಲವೋ ತಿಳಿಯಲು ಒಂದು ದಾರಿ ಇದೆ. ಮದ್ದಿಲ್ಲದ ಡಮ್ಮಿ ತೋಟಾ ತನ್ನಿ. ಮಗುವಿಗೆ ಕಾಣದ ಹಾಗೆ ನೀವೇ ತುಂಬಿ, ಒಮ್ಮೆ ನಿಜದ್ದು, ಎರಡು ಸಲ ಡಮ್ಮಿ. ನಳಿಗೆಯ ತುದಿ ನೋಡುತ್ತಿರಿ. ಡಮ್ಮಿಗೆ ಟಕ್ ಅಂದಾಗ ತುದಿ ಕೆಳಕ್ಕೆ ಕುಕ್ಕಿದರೆ ಮಗು ಹೆದರಿದೆ. ನನ್ನ ಮಗಳದ್ದು ಮೊದಲ ದಿನ ಒಂದು ಗೇಣು ಕುಕ್ಕಿತ್ತು. ಆಗಸ್ಟ್ ಕೊನೆಗೆ, .243 ಹಿಡಿದಿದ್ದಳು, ತುದಿಯ ಮೇಲೆ ನಾಣ್ಯ ಇಟ್ಟೆ. ಟಕ್ ಅಂದಿತು. ನಾಣ್ಯ ಅಲ್ಲೇ ಇತ್ತು. ಅವಳು ಕಿವಿಮುಚ್ಚಿಗೆ ತೆಗೆದು, "ಇನ್ನೊಂದ್ಸಲ ಇಡಪ್ಪಾ" ಅಂದಳು.

ಎಷ್ಟು ದೂರ?

ಜಿಂಕೆಯ ಹೃದಯ, ಶ್ವಾಸಕೋಶ ಇರುವ ಜಾಗ ಸುಮಾರು ಎಂಟು ಇಂಚಿನ ತಟ್ಟೆಯಷ್ಟು. ಅಷ್ಟೇ ಅಗಲದ ಪೇಪರ್ ತಟ್ಟೆ ತನ್ನಿ, ನಡುವೆ ಚುಕ್ಕಿ ಇಡದೆ ಹಾಗೇ ಅಂಟಿಸಿ. ಜಿಂಕೆಯ ಮೈಮೇಲೆ ಚುಕ್ಕಿ ಇರುವುದಿಲ್ಲವಲ್ಲ. ಬೆಂಚಿನ ಮೇಲಲ್ಲ, ಕಾಡಿನಲ್ಲಿ ಕೂರುವ ಹಾಗೆಯೇ ಕೂತು, ಅದೇ ಜಾಕೆಟ್, ಅದೇ ಊರುಗೋಲು. 50 ಗಜದಿಂದ ಶುರು ಮಾಡಿ. ಐದಕ್ಕೆ ಐದೂ ತಟ್ಟೆಗೆ ಬಿದ್ದರೆ 75ಕ್ಕೆ, ಆಮೇಲೆ 100ಕ್ಕೆ. ಒಂದು ತಪ್ಪಿದರೂ ಹಿಂದಿನ ದೂರವೇ ಈ ವರ್ಷದ ಗಡಿ. ಆ ಸಂಖ್ಯೆಯನ್ನು ಮಗುವಿನ ಕೈಯಲ್ಲೇ ಒಂದು ಚೀಟಿಯಲ್ಲಿ ಬರೆಸಿ, ಕಿತ್ತಳೆ ಜಾಕೆಟ್‌ನ ಜೇಬಿಗೆ ಹಾಕಿ. ನಮ್ಮ ಚೀಟಿಯಲ್ಲಿ 75 ಅಂತ ಇತ್ತು. ಆ ವರ್ಷ ನೂರು ಗಜ ಆಚೆ ಒಂದು ದೊಡ್ಡ ಗಂಡು ಜಿಂಕೆ ಬಹಳ ಹೊತ್ತು ನಿಂತಿತ್ತು. ಮಗಳು ಜೇಬು ಮುಟ್ಟಿಕೊಂಡು ನನ್ನ ಕಡೆ ನೋಡಿದಳು, ಸೇಫ್ಟಿ ತೆಗೆಯಲಿಲ್ಲ.