ಒಂದು ಕಿಲೋ ಉಪ್ಪು ಎರಡು ತಿಂಗಳು ಬರಬೇಕು: ಬಿಪಿ ಇರುವ ಕೊಡಗಿನ ಮನೆಗೆ ಅಡುಗೆ ಲೆಕ್ಕ

ಬಿಪಿ ಇದೆ, ಉಪ್ಪು ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿ ಕಳಿಸುತ್ತಾರೆ. ಎಷ್ಟು ಕಡಿಮೆ, ಯಾವುದರಲ್ಲಿ ಕಡಿಮೆ ಎಂಬ ಮಾತು ಅಲ್ಲಿ ಬರುವುದು ಅಪರೂಪ. ಮನೆಗೆ ಬಂದವರು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡುತ್ತಾರೆ. ತಟ್ಟೆಗೆ ಮೇಲುಪ್ಪು ಹಾಕಿಕೊಳ್ಳುವುದನ್ನು ಬಿಡುತ್ತಾರೆ, ಇಲ್ಲವೇ ಬಿಪಿ ಇದ್ದವರಿಗೆಂದು ಬೇರೆ ಪಾತ್ರೆಯಲ್ಲಿ ಸಪ್ಪೆ ಸಾರು ಮಾಡುತ್ತಾರೆ. ಮೇಲುಪ್ಪು ಬಿಟ್ಟರೆ ಒಳ್ಳೆಯದೇ, ಆದರೆ ಅದರಿಂದ ಇಳಿಯುವುದು ಸ್ವಲ್ಪ. ಬೇರೆ ಪಾತ್ರೆಯ ಸಾರು ಒಂದು ವಾರ ದಾಟುವುದಿಲ್ಲ. ಮಾಡುವವರಿಗೂ ಬೇಸರ, ತಿನ್ನುವವರಿಗೂ ಬೇಸರ.

ನಮ್ಮ ಕಡೆಯ ಊಟದಲ್ಲಿ ಉಪ್ಪು ಒಂದೇ ಜಾಗದಿಂದ ಬರುವುದಿಲ್ಲ. ಕಡಂಬುಟ್ಟಿನ (ಅಕ್ಕಿ ತರಿಯ ಉಂಡೆ) ತರಿಗೆ ಒಮ್ಮೆ, ಪಂದಿ (ಹಂದಿ) ಕರಿಗೆ ಒಮ್ಮೆ, ಪಜ್ಜಿಗೆ (ಚಟ್ನಿಗೆ) ಒಮ್ಮೆ, ಪಕ್ಕದಲ್ಲಿ ಉಪ್ಪಿನಕಾಯಿ, ಮಳೆಗಾಲವಾದರೆ ಸುಟ್ಟ ಒಣಮೀನು. ಪ್ರತಿಯೊಂದರಲ್ಲೂ ಚಿಟಿಕೆ ಚಿಟಿಕೆ ಕಡಿಮೆ ಮಾಡಲು ಹೋದರೆ ಎಲ್ಲವೂ ಸಪ್ಪೆಯಾಗುತ್ತದೆ. ಅದರ ಬದಲು ಒಂದು ಊಟಕ್ಕೆ ಉಪ್ಪು ಒಂದೇ ಕಡೆ ಬೀಳಲಿ, ಅಳೆದು ಬೀಳಲಿ. ಉಳಿದ ಕೆಲಸವನ್ನು ಹುಳಿಗೂ ಕಾಳುಮೆಣಸಿಗೂ ಬಿಡಿ. ಅವೆರಡಕ್ಕೂ ಕೊಡಗಿನಲ್ಲಿ ಬರವಿಲ್ಲ.

ಮೊದಲು ಲೆಕ್ಕ

ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿ ದಿನಕ್ಕೆ 5 ಗ್ರಾಂ ಉಪ್ಪು, ಅಂದರೆ 2,000 ಮಿಲಿಗ್ರಾಂ ಸೋಡಿಯಂ. ಅಡುಗೆ, ಉಪ್ಪಿನಕಾಯಿ, ಬೇಕರಿ, ಹೋಟೆಲು ಎಲ್ಲ ಸೇರಿ ಇಷ್ಟು. ಬ್ರೆಡ್ಡು, ಬಿಸ್ಕತ್ತು, ಹೊರಗಿನ ತಿಂಡಿಗೆ 1 ಗ್ರಾಂ ಬಿಟ್ಟುಕೊಟ್ಟರೆ ಮನೆಯ ಅಡುಗೆಗೆ ಉಳಿಯುವುದು ತಲೆಗೆ 4 ಗ್ರಾಂ.

ಈಗ ನಿಮ್ಮ ಮನೆಯಲ್ಲಿ ಎಷ್ಟು ಹೋಗುತ್ತಿದೆ ಎಂದು ತಿಳಿಯಲು ಪ್ಯಾಕೆಟಿನ ಮೇಲೆ ಒಡೆದ ತಾರೀಕು ಬರೆಯಿರಿ. ನಾಲ್ಕು ಜನರ ಮನೆಯಲ್ಲಿ ಒಂದು ಕಿಲೋ 25 ದಿನಕ್ಕೆ ಮುಗಿದರೆ ತಲೆಗೆ ದಿನಕ್ಕೆ 10 ಗ್ರಾಂ. ತಲೆಗೆ 4 ಗ್ರಾಂ ಆದಾಗ ಅದೇ ಪ್ಯಾಕೆಟು ಎರಡು ತಿಂಗಳು ಬರುತ್ತದೆ. ಮೀನು ತೊಳೆಯಲು, ಸೊಪ್ಪು ನೆನೆಸಲು, ಬಾಯಿ ಮುಕ್ಕಳಿಸಲು ಬಳಸುವ ಉಪ್ಪನ್ನು ಬೇರೆ ಡಬ್ಬಿಯಲ್ಲಿಡಿ. ಇಲ್ಲದಿದ್ದರೆ ಲೆಕ್ಕ ಹಾಳು.

ಚಮಚವನ್ನು ನಂಬುವ ಮೊದಲು ಅದನ್ನು ತೂಗಬೇಕು. ಪುಡಿ ಉಪ್ಪಿನ ಒಂದು ಟೀ ಚಮಚ, ಮೇಲಿನದನ್ನು ಚಾಕುವಿನ ಬೆನ್ನಿನಿಂದ ಸವರಿ ಮಟ್ಟ ಮಾಡಿದರೆ, ಸುಮಾರು 6 ಗ್ರಾಂ. ಆದರೆ ಸ್ಟೀಲ್ ಚಮಚಗಳೆಲ್ಲ ಒಂದೇ ಅಳತೆಯವಲ್ಲ. ನಿಮ್ಮ ಚಮಚದಲ್ಲಿ ಹತ್ತು ಬಾರಿ ಮಟ್ಟವಾಗಿ ಅಳೆದು ಕವರಿಗೆ ಹಾಕಿ, ದಿನಸಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ, ಹತ್ತರಿಂದ ಭಾಗಿಸಿ. ಇನ್ನು ಮುಂದೆ ಉಪ್ಪಿನ ಡಬ್ಬಿಯಲ್ಲಿ ಆ ಚಮಚ ಮಾತ್ರ ಇರಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇನ್ನೊಂದು ತೊಡಕಿದೆ. ತೇವ ಹಿಡಿದ ಉಪ್ಪು ಗಂಟುಗಟ್ಟುತ್ತದೆ, ಅದೇ ಚಮಚದ ಅಳತೆ ಹೆಚ್ಚುಕಡಿಮೆಯಾಗುತ್ತದೆ. ಬಿಗಿ ಮುಚ್ಚಳದ ಡಬ್ಬಿ ಬಳಸಿ, ಒಳಗೆ ತೆಳು ಬಟ್ಟೆಯಲ್ಲಿ ಸ್ವಲ್ಪ ಅಕ್ಕಿ ಕಟ್ಟಿಡಿ.

ಬೆಳಿಗ್ಗೆ ಒಲೆ ಹಚ್ಚುವ ಮೊದಲು ಆ ದಿನದ ಉಪ್ಪನ್ನು ಒಂದು ಸಣ್ಣ ಬಟ್ಟಲಿಗೆ ಅಳೆದಿಡಿ. ದೊಡ್ಡ ಡಬ್ಬಿ ಕಪಾಟಿನೊಳಗೆ ಹೋಗಲಿ. ನಾಲ್ಕು ಜನಕ್ಕೆ ಕೊನೆಯ ಗುರಿ 16 ಗ್ರಾಂ, ಅಂದರೆ ಮೂರು ಮಟ್ಟದ ಚಮಚಕ್ಕಿಂತ ಒಂದಿಷ್ಟು ಕಡಿಮೆ. ಒಂದೇ ದಿನ ಅಲ್ಲಿಗೆ ಹಾರಬೇಡಿ. ಈಗ 40 ಗ್ರಾಂ ಹೋಗುತ್ತಿದ್ದರೆ ಮೊದಲ ಎರಡು ವಾರ 30, ಮುಂದಿನ ಎರಡು ವಾರ 22, ಆಮೇಲೆ 16. ನಾಲಿಗೆ ಹೊಂದಿಕೊಳ್ಳಲು ಕೆಲವು ವಾರ ಬೇಕೇ ಬೇಕು. ಹೊಂದಿಕೊಂಡ ಮೇಲೆ ಹೋಟೆಲಿನ ಸಾಂಬಾರು ಬರೀ ಉಪ್ಪು ಎನಿಸುತ್ತದೆ. ಬಟ್ಟಲು ಸಂಜೆಗೇ ಖಾಲಿಯಾದರೆ ದೊಡ್ಡ ಡಬ್ಬಿ ಇಳಿಸಬೇಡಿ. ರಾತ್ರಿಗೆ ಅಕ್ಕಿ ಒಟ್ಟಿ (ರೊಟ್ಟಿ) ಮಾಡಿ ಜೇನಿನ ಜೊತೆ ತಿನ್ನಿ. ಸಕ್ಕರೆ ಕಾಯಿಲೆ ಇದ್ದವರು ಮಾತ್ರ ಜೇನು ಬಿಟ್ಟು, ಉಪ್ಪಿಲ್ಲದ ಎಳ್ಳಿನ ಪಜ್ಜಿ ಹಚ್ಚಿಕೊಳ್ಳಲಿ.

ಪುಟ್ಟು, ಒಟ್ಟಿ ಸಪ್ಪೆಯಾಗಿರಲಿ

ಉಪ್ಪು ಬಿಡಲು ಅತಿ ಸುಲಭದ ಜಾಗ ಇದು. ಅನ್ನಕ್ಕೆ ಯಾರೂ ಉಪ್ಪು ಹಾಕುವುದಿಲ್ಲ, ಸಪ್ಪೆ ಎಂದು ದೂರುವುದೂ ಇಲ್ಲ. ಕಡಂಬುಟ್ಟು, ನೂಪುಟ್ಟು (ಅಕ್ಕಿ ಶಾವಿಗೆ), ಅಕ್ಕಿ ಒಟ್ಟಿ ಆಗುವುದೂ ಅದೇ ಅಕ್ಕಿಯಿಂದ, ಕರಿಯಲ್ಲಿ ಅದ್ದಿ ತಿನ್ನುವುದಕ್ಕೆ. ತರಿ ಕಾಯಿಸುವಾಗ ಉಪ್ಪಿನ ಬದಲು ಅರ್ಧ ಚಮಚ ತುಪ್ಪ, ಒಂದು ಹಿಡಿ ಕಾಯಿತುರಿ ಹಾಕಿದರೆ ಸಾಕು. ಉಪ್ಪಿಲ್ಲದಿದ್ದರೆ ಉಂಡೆ ಕಟ್ಟಲು ಬರದು ಎಂಬ ಮಾತಿದೆ. ಹಾಗಲ್ಲ. ಉಂಡೆ ಒಡೆಯುವುದು ನೀರು ಕಡಿಮೆಯಾದಾಗ, ಇಲ್ಲವೇ ತರಿ ಆರಿದ ಮೇಲೆ ಕಟ್ಟಿದಾಗ. ಪಾಪುಟ್ಟಿಗೆ ಹಾಲು, ಕಾಯಿಯ ರುಚಿಯೇ ಸಾಲುತ್ತದೆ.

ಇಡ್ಲಿ, ದೋಸೆ ಹಿಟ್ಟು ಹುಳಿ ಬರಲು ಉಪ್ಪು ಬೇಕಿಲ್ಲ, ಬೆಚ್ಚಗಿನ ಜಾಗ ಬೇಕು. ಮಡಿಕೇರಿಯ ಚಳಿಯಲ್ಲಿ ಹಿಟ್ಟು ಉಬ್ಬದಿದ್ದರೆ ಪಾತ್ರೆಯನ್ನು ಒಲೆಯ ಪಕ್ಕಕ್ಕೆ ಸರಿಸಿ. ಹುಯ್ಯುವ ಮುಂಚೆ ಮೊದಲಿನ ಅರ್ಧದಷ್ಟು ಉಪ್ಪು ಹಾಕಿ ಕಲಸಿ.

ಪಂದಿ ಕರಿಗೆ ಉಪ್ಪು ಕೊನೆಗೆ

ಹಲವು ಮನೆಗಳಲ್ಲಿ ಇದಕ್ಕೆ ಎರಡು ಸಲ ಉಪ್ಪು ಬೀಳುತ್ತದೆ, ಮಾಂಸಕ್ಕೆ ಹಚ್ಚಿಡುವಾಗ ಒಮ್ಮೆ, ಬೇಯುವಾಗ ಇನ್ನೊಮ್ಮೆ. ಎರಡನ್ನೂ ಬಿಡಿ. ಒಂದು ಕಿಲೋ ಮಾಂಸಕ್ಕೆ ಅರಿಶಿನ, ಖಾರದ ಪುಡಿ, ಜಜ್ಜಿದ ಶುಂಠಿ ಬೆಳ್ಳುಳ್ಳಿ ಹಚ್ಚಿ ಅರ್ಧ ಗಂಟೆ ಇಡಿ. ತುಂಡುಗಳು ಮಾಮೂಲಿಗಿಂತ ಸಣ್ಣವಿರಲಿ. ಮೊದಲೇ ಉಪ್ಪು ಹಚ್ಚದ ದೊಡ್ಡ ತುಂಡು ಒಳಗೆ ಸಪ್ಪೆ ಉಳಿಯುತ್ತದೆ, ಸಣ್ಣ ತುಂಡಿಗೆ ಮಸಾಲೆ ಸುತ್ತಲೂ ಹಿಡಿಯುತ್ತದೆ. ಅದರದೇ ಕೊಬ್ಬು ಬಿಟ್ಟುಕೊಂಡು ಬೇಯಲಿ. ಕೊತ್ತಂಬರಿ, ಜೀರಿಗೆ, ಸಾಸಿವೆ, ಕಾಳುಮೆಣಸನ್ನು ಕಪ್ಪಾಗುವವರೆಗೆ ಹುರಿದ ಪುಡಿ ಬಿದ್ದ ಮೇಲೆ ಒಂದು ಟೀ ಚಮಚ ಕಾಚಂಪುಳಿ (ಹಣ್ಣಿನ ರಸ ಬತ್ತಿಸಿ ಮಾಡುವ ಕಪ್ಪು ಹುಳಿ) ಹಾಕಿ ಐದು ನಿಮಿಷ ಕುದಿಸಿ ರುಚಿ ನೋಡಿ. ಬೇಕಾದರೆ ಮತ್ತೆ ಕಾಲು ಚಮಚ. ಕಾಚಂಪುಳಿ ಎಷ್ಟು ಗಟ್ಟಿ ಎಂಬುದು ಮನೆಮನೆಗೂ ಬೇರೆ, ಹೆಚ್ಚಾದರೆ ಹಲ್ಲು ಚಳಿಯುವಷ್ಟು ಹುಳಿ, ಸರಿಪಡಿಸಲಾಗದು. ಅಂಗಡಿಯ ಬಾಟಲಿಯಾದರೆ ಲೇಬಲ್ಲಿನಲ್ಲಿ ಉಪ್ಪು ಇದೆಯೇ ನೋಡಿಕೊಳ್ಳಿ.

ಒಲೆ ಆರಿಸುವಾಗ ಒಂದೇ ಒಂದು ಮಟ್ಟದ ಚಮಚ ಉಪ್ಪು ಹಾಕಿ ಕಲಸಿ ಮುಚ್ಚಿಡಿ. ಎಂಟು ಜನಕ್ಕೆ ಬಡಿಸಿದರೆ ತಲೆಗೆ ಮುಕ್ಕಾಲು ಗ್ರಾಂ. ಕೊನೆಗೆ ಹಾಕುವುದಕ್ಕೆ ಎರಡು ಕಾರಣ. ಮೊದಲೇ ಹಾಕಿದರೆ ರಸ ಇಂಗಿದಂತೆ ಉಪ್ಪು ಏರುತ್ತದೆ, ಎಷ್ಟಾಗುತ್ತದೆಂದು ಆಗ ಊಹಿಸಲಾಗದು. ಕೊನೆಯಲ್ಲಿ ಹಾಕಿದ್ದು ರಸದಲ್ಲೇ ಉಳಿದು ನಾಲಿಗೆಗೆ ಮೊದಲು ಸಿಗುತ್ತದೆ. ರುಚಿಯನ್ನು ಕುದಿಯುವ ಸೌಟಿನಿಂದ ನೋಡಬೇಡಿ, ಬಟ್ಟಲಿಗೆ ಹಾಕಿ ಉಗುರುಬೆಚ್ಚಗಾದ ಮೇಲೆ ನೋಡಿ. ಕುದಿಯುವಾಗ ಉಪ್ಪು ಕಡಿಮೆ ಎನಿಸಿದ್ದು ಆರಿದ ಮೇಲೆ ಸರಿಯಾಗಿರುತ್ತದೆ. (ಹೆಚ್ಚಾದರೆ ಆಲೂಗಡ್ಡೆ ಹಾಕಿ ತೆಗೆಯುವ ಉಪಾಯದಿಂದ ಉಪ್ಪು ಹೋಗುವುದಿಲ್ಲ. ಆಲೂಗಡ್ಡೆಗೆ ಹಿಡಿದಷ್ಟು ರಸ ಮಾತ್ರ ಹೋಗುತ್ತದೆ. ತರಕಾರಿ, ನೀರು ಸೇರಿಸಿ ಕರಿಯನ್ನೇ ಹೆಚ್ಚು ಮಾಡಬೇಕು.)

ಕೋಳಿ, ಅಣಬೆ, ಕೆಂಬು, ತರಕಾರಿಗೂ ಇದೇ ಕ್ರಮ. ಹುಳಿಯ ಆಯ್ಕೆ ಬದಲಾಗಬಹುದು. ಕೋಳಿಗೆ ನಿಂಬೆ, ಸೊಪ್ಪಿಗೆ ಹೇರಳೆಕಾಯಿ ರಸ. ಗಾಂಧಾರಿ ಮೆಣಸು ಎರಡು ಜಜ್ಜಿ ಹಾಕಿದರೆ ಉಪ್ಪು ಕಡಿಮೆಯಾದದ್ದು ಅರ್ಧ ಜನಕ್ಕೆ ಗೊತ್ತೇ ಆಗುವುದಿಲ್ಲ.

ಮಳೆಗಾಲದ ದಾಸ್ತಾನು

ಇಲ್ಲಿ ಎಚ್ಚರ ಬೇಕು. ಉಪ್ಪಿನಕಾಯಿ ಹಾಕುವಾಗ ಉಪ್ಪು ಕಡಿಮೆ ಮಾಡಬೇಡಿ. ಅದು ಕೆಡದಂತೆ ಕಾಯುವುದೇ ಉಪ್ಪು, ಹುಳಿ, ಎಣ್ಣೆ. ಪಂದಿ ಉಪ್ಪಿನಕಾಯಿ, ಮೀನಿನ ಉಪ್ಪಿನಕಾಯಿಯಲ್ಲಿ ಉಪ್ಪು ಇಳಿಸಿ ತಿಂಗಳುಗಟ್ಟಲೆ ಹೊರಗಿಟ್ಟರೆ ಬಿಪಿಗಿಂತ ಮೊದಲು ಹೊಟ್ಟೆ ಕೆಡುತ್ತದೆ. ಹಾಕುವುದನ್ನು ಮಾಮೂಲಿನಂತೆ ಹಾಕಿ, ತಿನ್ನುವುದನ್ನು ಕಡಿಮೆ ಮಾಡಿ. ಒಂದು ಟೀ ಚಮಚ ಉಪ್ಪಿನಕಾಯಿ ರಸದಲ್ಲಿ ಅರ್ಧದಿಂದ ಒಂದು ಗ್ರಾಂ ಉಪ್ಪು ಇರಬಹುದು. ವಾರಕ್ಕೆ ಎರಡು ಸಲ, ರಸ ಬಿಟ್ಟು ಒಂದು ಹೋಳು. ದಿನವೂ ಬೇಕೇ ಬೇಕು ಎನ್ನುವವರಿಗೆ ಹೇರಳೆಕಾಯಿಯನ್ನು ಸಣ್ಣಗೆ ಹೆಚ್ಚಿ, ಗಾಂಧಾರಿ ಮೆಣಸು, ಶುಂಠಿ, ಹುರಿದ ಮೆಂತ್ಯದ ಪುಡಿ, ಚಿಟಿಕೆ ಉಪ್ಪು ಹಾಕಿ ಆಗಿಂದಾಗ ಕಲಸಿಕೊಡಿ. ಫ್ರಿಜ್ಜಿನಲ್ಲಿಟ್ಟು ಮೂರು ದಿನದೊಳಗೆ ಮುಗಿಸಿ.

ಉಪ್ಪುನೀರಿನಲ್ಲಿ ಹಾಕಿಟ್ಟ ಕಾಡುಮಾವನ್ನು ಹಿಂದಿನ ರಾತ್ರಿಯೇ ತೆಗೆದು ಸಾದಾ ನೀರಿನಲ್ಲಿ ನೆನೆಸಿ, ಮಲಗುವ ಮುಂಚೆ ಒಮ್ಮೆ, ಬೆಳಿಗ್ಗೆ ಒಮ್ಮೆ ನೀರು ಬದಲಿಸಿ. ಕರಿಗೆ ಮತ್ತೆ ಉಪ್ಪು ಬೇಡ. ಉಪ್ಪಿನಲ್ಲಿಟ್ಟ ಕಣಿಲೆಗೂ (ಎಳೆ ಬಿದಿರಿಗೂ) ಹಾಗೆಯೇ. ಹೊಸ ಕಣಿಲೆಯನ್ನು ಹೆಚ್ಚಿ ಸಾದಾ ನೀರಿನಲ್ಲಿ ನೆನೆಸಿ, ನೀರು ಬದಲಿಸುತ್ತ, ಕೊನೆಗೆ ಬೇಯಿಸಿ ಆ ನೀರನ್ನೂ ಚೆಲ್ಲಿದರೆ ಕಹಿಯೂ ವಿಷದ ಅಂಶವೂ ಹೋಗುತ್ತದೆ. ಅದಕ್ಕೆ ಉಪ್ಪು ಬೇಕಿಲ್ಲ.

ಸಂತೆಯಿಂದ ತರುವ ಒಣಮೀನು ನಿಜವಾಗಿ ಭಾರಿ. ಉಪ್ಪು ಹಚ್ಚಿ ಒಣಗಿಸಿದ ಮೀನಿನ ತೂಕದಲ್ಲಿ ಹತ್ತನೇ ಒಂದು ಭಾಗಕ್ಕೂ ಮೇಲೆ ಬರೀ ಉಪ್ಪೇ ಇರುವುದುಂಟು. 30 ಗ್ರಾಂ ತುಂಡೊಂದನ್ನು ಕೆಂಡದಲ್ಲಿ ಸುಟ್ಟು ಗಂಜಿಗೆ ನಂಜಿಕೊಂಡರೆ ದಿನದ ಪಾಲಿನ ಅರ್ಧಕ್ಕಿಂತ ಹೆಚ್ಚು ಅಲ್ಲೇ ಮುಗಿಯಿತು. ಬಿಡಲು ಆಗದಿದ್ದರೆ ಸುಡುವ ಕ್ರಮ ಬಿಟ್ಟು ಕರಿಗೆ ಬನ್ನಿ. ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ ನೀರು ಚೆಲ್ಲಿ, ಮತ್ತೊಮ್ಮೆ ಹಾಗೇ ಮಾಡಿ, ಕೈಯಲ್ಲಿ ಹಿಂಡಿ, ಬದನೆ ಅಥವಾ ಹಲಸಿನ ಬೀಜ ಹೆಚ್ಚು ಹಾಕಿ, ಬೇರೆ ಉಪ್ಪಿಲ್ಲದೆ ಬೇಯಿಸಿ. ಎಲ್ಲ ಉಪ್ಪೂ ಹೋಗುವುದಿಲ್ಲ, ಆದ್ದರಿಂದ ಆ ದಿನ ಬೇರೆ ಕರಿಗೆ ಉಪ್ಪು ಬೇಡ.

ಅಂಗಡಿಯ ಪ್ಯಾಕೆಟಿನ ಪೋಷಕಾಂಶದ ಪಟ್ಟಿಯಲ್ಲಿ ಸಾಮಾನ್ಯವಾಗಿ ಉಪ್ಪು ಎಂದು ಬರೆದಿರುವುದಿಲ್ಲ, ಸೋಡಿಯಂ ಎಂದು ಇರುತ್ತದೆ. ಅದನ್ನು 2.5ರಿಂದ ಗುಣಿಸಿ. 100 ಗ್ರಾಂಗೆ 1,000 ಮಿಲಿಗ್ರಾಂ ಸೋಡಿಯಂ ಎಂದಿದ್ದರೆ 2.5 ಗ್ರಾಂ ಉಪ್ಪು. ಚಿಪ್ಸು, ಮಿಕ್ಸ್ಚರು, ದಿಢೀರ್ ನೂಡಲ್ಸಿನ ಮಸಾಲೆ ಪುಡಿ, ಸಾಸು ಎಲ್ಲಕ್ಕೂ ಇದೇ ಲೆಕ್ಕ. ಗ್ಯಾಸ್‌ಗೆಂದು ನೀರಿನಲ್ಲಿ ಬುರುಬುರು ಕರಗಿಸಿ ಕುಡಿಯುವ ಪುಡಿ, ನೀರಿಗೆ ಹಾಕಿದರೆ ನೊರೆ ಬರುವ ನೋವಿನ ಮಾತ್ರೆ ಇವುಗಳಲ್ಲೂ ಸೋಡಿಯಂ ಧಾರಾಳ. ತೋಟದ ಕೆಲಸ ಮಾಡಿ ಮೈಕೈ ನೋವೆಂದು ದಿನವೂ ನುಂಗುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಬೇರೆ ದಾರಿಯಲ್ಲಿ ಬಿಪಿ ಏರಿಸುತ್ತವೆ.

ಕಲ್ಲುಪ್ಪು, ಪಿಂಕ್ ಉಪ್ಪು, ಕಡಿಮೆ ಸೋಡಿಯಂ ಉಪ್ಪು

ಕಲ್ಲುಪ್ಪಿನಿಂದ ಬಿಪಿ ಬರುವುದಿಲ್ಲ ಎಂಬುದು ಸುಳ್ಳು. ತೂಕಕ್ಕೆ ತೂಕ ಸೋಡಿಯಂ ಹೆಚ್ಚುಕಡಿಮೆ ಒಂದೇ. ಹಿಮಾಲಯದ ಪಿಂಕ್ ಉಪ್ಪಿಗೂ ಇದೇ ಮಾತು, ಬೆಲೆ ಮಾತ್ರ ಹೆಚ್ಚು. ಬೆಟ್ಟದ ಸೀಮೆಯ ಮಣ್ಣಿನಲ್ಲಿ ಅಯೋಡಿನ್ ಕಡಿಮೆ ಇರುವುದು ಸಾಮಾನ್ಯ, ಗಂಟಲಲ್ಲಿ ಗಳಗಂಡ ಬರಲು ಅದೊಂದು ಕಾರಣ. ಹಾಗಾಗಿ ಕಡಿಮೆ ಹಾಕಿದರೂ ಅಯೋಡಿನ್ ಇರುವ ಉಪ್ಪನ್ನೇ ಹಾಕಿ.

ಕಡಿಮೆ ಸೋಡಿಯಂ ಉಪ್ಪಿನಲ್ಲಿ ಒಂದು ಭಾಗ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಂಥ ಉಪ್ಪು ಬಳಸಿದವರಲ್ಲಿ ಪಾರ್ಶ್ವವಾಯು ಶೇ. 14ರಷ್ಟು ಕಡಿಮೆಯಾಯಿತು. ಒಳ್ಳೆಯ ವಸ್ತುವೇ, ಆದರೆ ಎಲ್ಲರಿಗೂ ಅಲ್ಲ. ಕಿಡ್ನಿ ತೊಂದರೆ ಇರುವವರಿಗೆ ಅಪಾಯ. ಟೆಲ್ಮಿಸಾರ್ಟಾನ್, ಲೋಸಾರ್ಟಾನ್, ರಾಮಿಪ್ರಿಲ್, ಎನಾಲಾಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ತೆಗೆದುಕೊಳ್ಳುವವರಿಗೂ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತ ತಪ್ಪಬಹುದು. ಕೊಳ್ಳುವ ಮೊದಲು ಮಾತ್ರೆಯ ಹಾಳೆಯನ್ನು ಡಾಕ್ಟರಿಗೆ ತೋರಿಸಿ ಕೇಳಿ. ಮನೆಯಲ್ಲಿ ಅಜ್ಜ ಒಬ್ಬರಿಗೆ ಕಿಡ್ನಿ ಸಮಸ್ಯೆ ಇದ್ದರೂ ಆ ಪ್ಯಾಕೆಟು ಅಡುಗೆಮನೆಗೆ ಬರಬಾರದು.

ಕೆಲಸ ಮಾಡುತ್ತಿದೆಯೇ ಎಂದು ನೋಡುವುದು

ಮನೆಯಲ್ಲಿ ಬಿಪಿ ಮೆಷಿನ್ ಇದ್ದರೆ ಶುರು ಮಾಡುವ ಮೊದಲು ಒಂದು ವಾರ, ಎಂಟು ವಾರದ ನಂತರ ಇನ್ನೊಂದು ವಾರ ಬರೆದಿಡಿ. ಬೆಳಿಗ್ಗೆ ಮಾತ್ರೆಗೂ ಕಾಫಿಗೂ ಮುಂಚೆ, ಸಂಜೆ ಊಟಕ್ಕೆ ಮುಂಚೆ. ಕಾಫಿ ಕುಡಿದಿದ್ದರೆ ಅರ್ಧ ಗಂಟೆ ಬಿಡಿ. ಐದು ನಿಮಿಷ ಬೆನ್ನು ಒರಗಿಸಿ ಕೂತು, ಕೈಯನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು, ಒಂದು ನಿಮಿಷದ ಅಂತರದಲ್ಲಿ ಎರಡು ಸಲ ನೋಡಿ. ಮನೆಯಲ್ಲಿ ನೋಡಿದ ಸರಾಸರಿ 135/85 ಅಥವಾ ಅದಕ್ಕೂ ಮೇಲೆ ಇದ್ದರೆ ಹೆಚ್ಚೆಂದು ಲೆಕ್ಕ. ಉಪ್ಪನ್ನು ಅರ್ಧಕ್ಕೆ ಇಳಿಸಿದರೆ ಬಿಪಿ ಇರುವವರಲ್ಲಿ ಮೇಲಿನ ಅಂಕಿ ಸರಾಸರಿ 5ರಷ್ಟು ಇಳಿಯುತ್ತದೆ. ಕೆಲವರಿಗೆ ಹೆಚ್ಚು, ಕೆಲವರಿಗೆ ಅಷ್ಟೂ ಇಲ್ಲ. ಇಳಿಯಿತೆಂದು ಮಾತ್ರೆ ನಿಲ್ಲಿಸಬೇಡಿ, ಬರೆದ ಹಾಳೆಯನ್ನು ಡಾಕ್ಟರಿಗೆ ಕೊಡಿ. ಡೋಸ್ ಇಳಿಸುವುದು ಅವರ ಕೆಲಸ.

ಮೂತ್ರ ಹೆಚ್ಚು ಹೋಗುವ ಬಿಪಿ ಮಾತ್ರೆ ತೆಗೆದುಕೊಳ್ಳುವ ವಯಸ್ಸಾದವರಲ್ಲಿ ಉಪ್ಪು ತೀರಾ ಇಳಿದರೆ ಸುಸ್ತು, ಎದ್ದಾಗ ತಲೆ ತಿರುಗುವುದು, ಮಾತು ತಡವರಿಸುವುದು, ಗೊಂದಲ ಕಾಣಬಹುದು. ಹಾಗಾದರೆ ಮನೆಮದ್ದು ನೋಡುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ದು ಸೋಡಿಯಂ ಪರೀಕ್ಷೆ ಮಾಡಿಸಿ. ವಾಂತಿ ಭೇದಿ ಆದಾಗ ಬಿಪಿ ಇದೆಯೆಂದು ಒಆರ್‌ಎಸ್ ಬೇಡ ಎನ್ನಬೇಡಿ. ಪ್ಯಾಕೆಟಿನಲ್ಲಿ ಬರೆದಷ್ಟೇ ನೀರಿಗೆ ಕಲಸಿ ಕುಡಿಸಿ, ಬಿಪಿ ಮಾತ್ರೆಯನ್ನು ಆ ದಿನ ಕೊಡಬೇಕೇ ಎಂದು ಡಾಕ್ಟರಿಗೆ ಫೋನು ಮಾಡಿ ಕೇಳಿ.