ಓದುವ ಮಗುವಿನ ಕಣ್ಣು ಎಲ್ಲೆಲ್ಲಿ ಹೋಗುತ್ತದೆ? ಅಳೆಯುವುದು ಹೀಗೆ

ಓದಿ ಮುಗಿಸಿದ ಹಳೆಯ ಪತ್ರಿಕೆಯೊಂದರ ಹಾಳೆಯ ನಡುವೆ ಪೆನ್ಸಿಲ್ ತೂರುವಷ್ಟು ತೂತು ಮಾಡಿ. ಮನೆಯಲ್ಲಿ ಯಾರಾದರೂ ಆ ಹಾಳೆ ಹಿಡಿದು ಓದಲಿ. ನೀವು ಹಿಂಬದಿಯಿಂದ ತೂತಿಗೆ ಕಣ್ಣಿಟ್ಟು ಓದುವವರ ಕಣ್ಣನ್ನೇ ನೋಡಿ. ಸಾಲಿನುದ್ದಕ್ಕೂ ಕಣ್ಣು ನಯವಾಗಿ ಜಾರಿಕೊಂಡು ಹೋಗುತ್ತದೆ ಎಂದೇ ನಾವೆಲ್ಲ ಅಂದುಕೊಂಡಿರುತ್ತೇವೆ. ಹಾಗೇನಿಲ್ಲ. ಅದು ಒಂದೆಡೆ ನಿಲ್ಲುತ್ತದೆ, ಛಕ್ಕನೆ ಜಿಗಿಯುತ್ತದೆ, ಮತ್ತೆ ನಿಲ್ಲುತ್ತದೆ. ನಡುನಡುವೆ ಹಿಂದಕ್ಕೂ ಹಾರುತ್ತದೆ. ಫ್ರಾನ್ಸಿನ ನೇತ್ರತಜ್ಞ ಲೂಯಿ ಎಮಿಲ್ ಜವಾಲ್ ಮತ್ತು ಅವರ ಜೊತೆಗಾರರು 1870ರ ದಶಕದ ಕೊನೆಯಲ್ಲೇ ಇದನ್ನು ಗಮನಿಸಿದ್ದರು.

ಕಣ್ಣು ಹೀಗೆ ಜಿಗಿಯಲೇಬೇಕು. ತೋಳು ನೇರ ಚಾಚಿ ಹೆಬ್ಬೆರಳು ನೋಡಿ. ನಮಗೆ ಸೂಕ್ಷ್ಮವಾಗಿ, ನಿಚ್ಚಳವಾಗಿ ಕಾಣುವ ಜಾಗ ಹೆಚ್ಚುಕಡಿಮೆ ಆ ಬೆರಳಿನ ಅಗಲದಷ್ಟೇ, ಅಂದರೆ ಸುಮಾರು 2 ಡಿಗ್ರಿ. ಉಳಿದದ್ದೆಲ್ಲ ಮಸುಕು. ಹಾಗಾಗಿ ಓದಬೇಕಾದ ಪದದ ಮೇಲೆ ಕಣ್ಣನ್ನು ತಂದು ನಿಲ್ಲಿಸಬೇಕಾಗುತ್ತದೆ. ಇಂಗ್ಲಿಷ್ ಓದುವ ದೊಡ್ಡವರಲ್ಲಿ ಒಂದು ನಿಲುಗಡೆ ಸರಾಸರಿ 200–250 ಮಿಲಿಸೆಕೆಂಡ್, ಒಂದು ಜಿಗಿತ 20–40 ಮಿಲಿಸೆಕೆಂಡ್. ಐ ಟ್ರ್ಯಾಕರ್ ಎಂಬ ಉಪಕರಣ ಲೆಕ್ಕ ಇಡುವುದು ಇವನ್ನೇ. ಶಾಲೆಯಲ್ಲೋ ಕಾಲೇಜಿನಲ್ಲೋ ಇದನ್ನಿಟ್ಟುಕೊಂಡು ಚಿಕ್ಕದೊಂದು ಅಧ್ಯಯನ ಮಾಡುವುದು ಹೇಗೆ? ನಮ್ಮ ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಮಾಡಿ, ಎಡವಿ, ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಪ್ರಶ್ನೆ ಮೊದಲು, ಯಂತ್ರ ಆಮೇಲೆ

‘ಮಕ್ಕಳ ಗಮನ ಅಳೆಯೋಣ’ ಎಂದು ಹೊರಟರೆ ಕೈಗೆ ಸಿಗುವುದು ಬಣ್ಣಬಣ್ಣದ ಚಿತ್ರಗಳಷ್ಟೇ. ರಷ್ಯಾದ ಆಲ್ಫ್ರೆಡ್ ಯಾರ್ಬಸ್ 1960ರ ದಶಕದಲ್ಲಿ ಪ್ರಕಟಿಸಿದ ಪ್ರಯೋಗ ನೆನಪಿಡಿ. ಬಹುಕಾಲದ ಮೇಲೆ ಅನಿರೀಕ್ಷಿತವಾಗಿ ಮನೆಗೆ ಬಂದ ಮನುಷ್ಯನ ಒಂದು ವರ್ಣಚಿತ್ರವನ್ನು ಅವರು ತೋರಿಸಿದ್ದರು. ‘ಇವರ ವಯಸ್ಸೆಷ್ಟು’ ಎಂದು ಕೇಳಿದಾಗ ನೋಡುಗನ ಕಣ್ಣು ಮುಖಗಳ ಮೇಲೆ ಸುತ್ತಿತು. ‘ಮನೆಯ ಸ್ಥಿತಿಗತಿ ಹೇಗಿದೆ’ ಎಂದಾಗ ಸಾಮಾನು, ಬಟ್ಟೆಬರೆಯತ್ತ ಹೊರಳಿತು. ಚಿತ್ರ ಅದೇ, ಕೆಲಸ ಬೇರೆ, ಕಣ್ಣಿನ ದಾರಿಯೂ ಬೇರೆ. ಹಾಗಾಗಿ ಮಗುವಿಗೆ ನೀವು ಏನು ಮಾಡಲು ಹೇಳುತ್ತೀರಿ ಎಂಬುದನ್ನು ಅಕ್ಷರಶಃ ಬರೆದಿಟ್ಟುಕೊಂಡು, ಎಲ್ಲ ಮಕ್ಕಳಿಗೂ ಅದೇ ಮಾತಿನಲ್ಲಿ ಹೇಳಿ.

ನಮ್ಮ ಪ್ರಶ್ನೆ ಪುಟ್ಟದು: ಜಲಚಕ್ರದ ಪಾಠ ಓದುವ ಮಗು ‘ಸಾಂದ್ರೀಕರಣ’ (ನೀರಾವಿ ತಣಿದು ಹನಿಗಟ್ಟುವುದು) ಎಂಬ ಪದ ಬಂದಾಗ ಪಕ್ಕದ ಚಿತ್ರಕ್ಕೆ ಹೋಗಿ ಬರುತ್ತದೆಯೇ?

ಯಂತ್ರ ಮತ್ತು ಪುಟ

ಪರದೆಯ ಕೆಳಗೆ ಕೂರುವ ಟ್ರ್ಯಾಕರ್ ಕಣ್ಣಿಗೆ ಕಾಣದ ಅವಕೆಂಪು ಬೆಳಕು ಬೀರುತ್ತದೆ. ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಾದ ಕಾರ್ನಿಯಾ ಮೇಲೆ ಆ ಬೆಳಕಿನ ಪುಟ್ಟ ಹೊಳಪು ಮೂಡುತ್ತದೆ. ಆ ಹೊಳಪಿಗೂ ಪಾಪೆಯ ನಡುಬಿಂದುವಿಗೂ ಇರುವ ಅಂತರವನ್ನು ಕ್ಯಾಮೆರಾ ಹಿಡಿದು, ನೋಟ ಎಲ್ಲಿ ಬಿದ್ದಿದೆ ಎಂದು ಲೆಕ್ಕ ಹಾಕುತ್ತದೆ. ಸೆಕೆಂಡಿಗೆ 60 ಸಲ ಅಳೆಯುವ ಯಂತ್ರವಿದ್ದರೆ ‘ಎಲ್ಲಿ, ಎಷ್ಟು ಹೊತ್ತು’ ಎಂಬುದಕ್ಕೆ ಸಾಕು. ಜಿಗಿತದ ವೇಗ ಬೇಕೆಂದರೆ ಸೆಕೆಂಡಿಗೆ 500–1000 ಸಲ ಅಳೆಯುವಂಥದ್ದೇ ಬೇಕು, ಅದು ದುಬಾರಿ. ಲ್ಯಾಪ್‌ಟಾಪ್‌ನ ವೆಬ್‌ಕ್ಯಾಮ್‌ನಿಂದಲೇ ಅಂದಾಜು ಮಾಡುವ ಉಚಿತ ತಂತ್ರಾಂಶಗಳೂ ಇವೆ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ವೆಬ್‌ಗೇಜರ್ ಅಂಥದ್ದು. ಆದರೆ ಅದರ ತಪ್ಪು ಹಲವು ಸೆಂಟಿಮೀಟರ್‌ಗಳಷ್ಟಿರುತ್ತದೆ. ಎಡಕ್ಕೆ ನೋಡಿದರೋ ಬಲಕ್ಕೋ ಎಂದು ಹೇಳಬಹುದು, ಯಾವ ಪದ ಎಂದು ಹೇಳಲಾಗದು.

ಇಲ್ಲೊಂದು ಲೆಕ್ಕ ಮನಸ್ಸಿನಲ್ಲಿರಲಿ. 60 ಸೆಂ.ಮೀ. ದೂರದಲ್ಲಿ 1 ಡಿಗ್ರಿ ಎಂದರೆ ಪರದೆಯ ಮೇಲೆ ಸುಮಾರು 1 ಸೆಂ.ಮೀ. ಯಂತ್ರ ಅರ್ಧ ಡಿಗ್ರಿ ತಪ್ಪಿದರೂ ನೋಟ ಅರ್ಧ ಸೆಂ.ಮೀ. ಆಚೀಚೆಯಾಗುತ್ತದೆ. ಪಠ್ಯಪುಸ್ತಕದ ಪುಟವನ್ನು ಹಾಗೇ ಸ್ಕ್ಯಾನ್ ಮಾಡಿ ಹಾಕಿದರೆ ಮಗು ಯಾವ ಸಾಲಿನಲ್ಲಿತ್ತು ಎಂಬುದೇ ತಿಳಿಯದು. ಕನ್ನಡದಲ್ಲಿ ಒತ್ತಕ್ಷರ ಸಾಲಿನ ಕೆಳಗೆ ಇಳಿಯುವುದರಿಂದ ಇನ್ನೂ ಗೋಜಲು: ‘ದ್ರೀ’ಯ ಒತ್ತು ನೋಡಿದ್ದೋ, ಕೆಳಗಿನ ಸಾಲು ನೋಡಿದ್ದೋ? ನಾವು ಅಕ್ಷರ ದೊಡ್ಡದು ಮಾಡಿ ಸಾಲುಗಳ ನಡುವೆ 2 ಸೆಂ.ಮೀ. ಬಿಟ್ಟೆವು. ಒಂದು ಪುಟ ಮೂರು ಪುಟವಾಯಿತು. ಆಗಲಿ.

ಕೋಣೆ

ಇದೇನು ದೊಡ್ಡ ವಿಷಯ ಎನ್ನಬೇಡಿ, ನಾವು ಒಂದಿಡೀ ದಿನ ಕಳೆದುಕೊಂಡದ್ದು ಇಲ್ಲೇ. ಬೆಳಿಗ್ಗೆ ಎಲ್ಲ ಚೆನ್ನಾಗಿತ್ತು. ಹನ್ನೊಂದರ ಹೊತ್ತಿಗೆ ಪಕ್ಕದ ಕಿಟಕಿಯಿಂದ ಬಿಸಿಲು ಒಳಬಂತು, ನೋಟದ ಚುಕ್ಕೆ ಪರದೆಯಿಂದಲೇ ಮಾಯ. ಬಿಸಿಲಿನಲ್ಲೂ ಅವಕೆಂಪು ಬೆಳಕು ಧಾರಾಳವಾಗಿದೆ, ಯಂತ್ರದ ಪುಟ್ಟ ಹೊಳಪು ಅದರಲ್ಲಿ ಮುಳುಗಿಹೋಗುತ್ತದೆ. ದಪ್ಪ ಪರದೆ ಕಟ್ಟಿ ಟ್ಯೂಬ್‌ಲೈಟ್ ಹಾಕಿದ ಮೇಲೆ ಸರಿಹೋಯಿತು.

ಮರುದಿನ ಒಬ್ಬ ಹುಡುಗಿಯ ಕಣ್ಣು ಯಂತ್ರಕ್ಕೆ ಸಿಗಲೇ ಇಲ್ಲ. ನಾಲ್ಕು ಸಲ ಪ್ರಯತ್ನಿಸಿದ ಮೇಲೆ ನಮ್ಮ ಸಹಾಯಕಿ ಹತ್ತಿರ ಹೋಗಿ ನೋಡಿದರು: ರೆಪ್ಪೆಯಂಚಿಗೆ ದಟ್ಟವಾಗಿ ಕಾಡಿಗೆ. ಪಾಪೆಯನ್ನು ಕಪ್ಪು ಬೊಟ್ಟಾಗಿ ಹುಡುಕುವ ಕ್ಯಾಮೆರಾಕ್ಕೆ ಕಾಡಿಗೆಯೂ ಕಪ್ಪೇ. ಆ ಮಗುವಿಗೆ ತಾನೇ ಏನೋ ತಪ್ಪು ಮಾಡಿದೆ ಅನ್ನಿಸಿ ಕಣ್ಣು ತುಂಬಿಬಂದಿತ್ತು. ಹಾಗಾಗಿ ಕಾಡಿಗೆ ಬೇಡವೆಂದು ಹಿಂದಿನ ದಿನವೇ ಮನೆಗೆ ಹೇಳಿಕಳಿಸಿ. ಕನ್ನಡಕದ ಗಾಜು ಹೊಳೆದರೆ ಪರದೆಯನ್ನು ತುಸು ಓರೆಯಾಗಿಸಿ. ಚಕ್ರವಿರುವ ಕುರ್ಚಿ ಬೇಡ, ಮಕ್ಕಳು ತಿರುಗದೆ ಇರುವುದಿಲ್ಲ.

ಪಾಲಕರ ಲಿಖಿತ ಒಪ್ಪಿಗೆ, ಸಂಸ್ಥೆಯ ನೈತಿಕ ಸಮಿತಿಯ ಅನುಮತಿ ಮೊದಲೇ ಕೈಯಲ್ಲಿರಬೇಕು. ಮಗು ‘ಬೇಡ’ ಎಂದರೆ ಅಲ್ಲಿಗೇ ಬಿಡಬೇಕು. ಕಡತಗಳಿಗೆ ಹೆಸರಿನ ಬದಲು ಸಂಖ್ಯೆ ಕೊಡಿ.

ಚುಕ್ಕೆಗಳ ಪರೀಕ್ಷೆ

ಪ್ರತಿ ಕಣ್ಣಿನ ಆಕಾರ ಬೇರೆ. ಅದಕ್ಕೇ ಓದು ಶುರುವಾಗುವ ಮೊದಲು ಪರದೆಯಲ್ಲಿ ಐದೋ ಒಂಬತ್ತೋ ಚುಕ್ಕೆಗಳನ್ನು ಒಂದೊಂದಾಗಿ ತೋರಿಸಿ ಯಂತ್ರಕ್ಕೆ ಆ ಕಣ್ಣಿನ ಪರಿಚಯ ಮಾಡಿಸಬೇಕು. ಇದೇ ಕ್ಯಾಲಿಬ್ರೇಷನ್. ‘ಮುಂದಿನ ಚುಕ್ಕೆ ಎಲ್ಲಿ ಬರುತ್ತೆ ಅಂತ ಊಹಿಸಬೇಡ, ಬಂದಮೇಲೆ ನೋಡು’ ಎಂದು ಹೇಳಿ. ಚುರುಕು ಮಕ್ಕಳು ಮುಂಚೆಯೇ ಹಾರಿಬಿಡುತ್ತಾರೆ. ಮುಗಿದ ಮೇಲೆ ಚುಕ್ಕೆಗಳನ್ನು ಇನ್ನೊಮ್ಮೆ ತೋರಿಸಿ ತಪ್ಪು ಎಷ್ಟೆಂದು ನೋಡಿ. ಸರಾಸರಿ 1 ಡಿಗ್ರಿ ದಾಟಿದರೆ ಮತ್ತೆ ಮಾಡಿ. ಕೊನೆಯಲ್ಲೂ ಒಮ್ಮೆ ಮಾಡಿ, ನಡುವೆ ಮಗು ಜರುಗಿದ್ದರೆ ಗೊತ್ತಾಗುತ್ತದೆ.

ಏನು ಎಣಿಸಬೇಕು

ಪುಟದಲ್ಲಿ ಮುಖ್ಯ ಜಾಗಗಳಿಗೆ ಮೊದಲೇ ಗೆರೆ ಹಾಕಿಕೊಳ್ಳಿ. ನಮ್ಮಲ್ಲಿ ಮೂರು: ಸಾಂದ್ರೀಕರಣ ಎಂಬ ಪದ, ಮೋಡದ ಚಿತ್ರ, ಉಳಿದ ಗದ್ಯ. ಫಲಿತಾಂಶ ನೋಡಿದ ಮೇಲೆ ಗೆರೆ ಎಳೆಯುವುದು ನಮಗೆ ನಾವೇ ಮೋಸ ಮಾಡಿಕೊಂಡಂತೆ. ಆಮೇಲೆ ಪ್ರತಿ ಜಾಗದಲ್ಲಿ ಕಣ್ಣು ನಿಂತ ಒಟ್ಟು ಹೊತ್ತು, ಒಂದರಿಂದ ಇನ್ನೊಂದಕ್ಕೆ ಜಿಗಿದ ಸಲ, ಹಿಂದಿನ ಪದಕ್ಕೆ ಮರಳಿದ ಸಲ, ಮೊದಲು ತಲುಪಿದ ಗಳಿಗೆ ಇವನ್ನು ತೆಗೆಯಿರಿ.

ಈ ಕೊನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಅದರ ಬೆಲೆ ತಿಳಿಯಬೇಕಾದರೆ ಕ್ರಿಕೆಟ್ ನೋಡಿ. ಇಂಗ್ಲೆಂಡಿನ ಮೈಕಲ್ ಲ್ಯಾಂಡ್ ಮತ್ತು ಪೀಟರ್ ಮೆಕ್ಲಿಯಾಡ್ 2000ದಲ್ಲಿ ಮೂವರು ಬ್ಯಾಟರ್‌ಗಳ ತಲೆಗೆ ಕ್ಯಾಮೆರಾ ಕಟ್ಟಿ, ಬೌಲಿಂಗ್ ಯಂತ್ರದ ಎದುರು ಆಡಿಸಿದ ಅಧ್ಯಯನ ಪ್ರಕಟಿಸಿದರು. ಬ್ಯಾಟರ್ ಚೆಂಡಿನ ಮೇಲೆ ಸದಾ ಕಣ್ಣಿಟ್ಟಿರುವುದಿಲ್ಲ. ಚೆಂಡು ಹೊರಟದ್ದನ್ನು ನೋಡಿ, ಅದು ಪಿಚ್ ಆಗುವ ಜಾಗಕ್ಕೆ ಕಣ್ಣನ್ನು ಮೊದಲೇ ಹಾರಿಸಿ ಕಾಯುತ್ತಾನೆ. ಮೂವರಲ್ಲಿ ಪಳಗಿದವನ ಕಣ್ಣು ಬೇಗ ಹಾರುತ್ತಿತ್ತು. ಅಲ್ಲಿ ವ್ಯತ್ಯಾಸ ತೋರಿಸಿದ್ದು ಆ ಗಳಿಗೆ.

ಪಾಪೆಯ ಗಾತ್ರ ಅಳೆಯುವ ಆಸೆಯೂ ಆಗುತ್ತದೆ. ಗುಣಾಕಾರ ಕಷ್ಟವಾದಷ್ಟೂ ಪಾಪೆ ಹಿಗ್ಗುತ್ತದೆಂದು ಹೆಸ್ ಮತ್ತು ಪೋಲ್ಟ್ 1964ರಲ್ಲಿ ತೋರಿಸಿದ್ದು ನಿಜ. ಆದರೆ ಬಿಳಿ ಪುಟದಿಂದ ನೀಲಿ ಚಿತ್ರಕ್ಕೆ ಹೋದರೂ ಪಾಪೆ ಬದಲಾಗುತ್ತದೆ. ಬೆಳಕನ್ನು ಹದ್ದುಬಸ್ತಿನಲ್ಲಿಡಲು ಆಗದಿದ್ದರೆ ಅದರ ತಂಟೆ ಬೇಡ. ಮೇಲೆ ಹೇಳಿದ ಇಂಗ್ಲಿಷ್ ಸರಾಸರಿಗಳನ್ನು ಕನ್ನಡದ ಮಗುವಿಗೆ ಅಳತೆಗೋಲು ಮಾಡಲೂ ಬೇಡಿ. ‘ಓದಿಕೊಂಡಿರಲಿಲ್ಲವಂತೆ’ ಎಂಬಂಥ ಪದಗಳಿರುವ ಭಾಷೆ ನಮ್ಮದು.

ಕೇಳಿ ತಿಳಿಯುವುದು

ನಮ್ಮ ಪಟ್ಟಿಯಲ್ಲಿ ಮೋಡದ ಚಿತ್ರವನ್ನು ಎಲ್ಲರಿಗಿಂತ ಹೆಚ್ಚು ಹೊತ್ತು ನೋಡಿದವನು ಒಬ್ಬ ಹುಡುಗ. ಚಿತ್ರವನ್ನು ಗದ್ಯದ ಜೊತೆ ಹೊಂದಿಸಿ ಓದಿದ್ದಾನೆ ಎಂದು ಖುಷಿಪಟ್ಟೆವು. ಅವನ ಕಣ್ಣಿನ ಜಾಡನ್ನೇ ಪರದೆಯಲ್ಲಿ ಓಡಿಸಿ ತೋರಿಸಿ, ‘ಇಲ್ಲಿ ಏನು ಯೋಚಿಸ್ತಿದ್ದೆ ಪುಟ್ಟಾ?’ ಎಂದು ಕೇಳಿದೆ. ‘ಮೋಡದೊಳಗೆ ಆನೆ ಕಾಣಿಸ್ತು ಮಿಸ್, ಸೊಂಡಿಲು ಎಲ್ಲಿದೆ ಅಂತ ಹುಡುಕ್ತಿದ್ದೆ’ ಎಂದ.

ಇದಕ್ಕೆ ತದ್ವಿರುದ್ಧವೂ ಆಗುತ್ತದೆ. ಅಮೆರಿಕದಲ್ಲಿ 2013ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಶ್ವಾಸಕೋಶದ ಸಿ.ಟಿ. ಚಿತ್ರಗಳೊಳಗೆ ಗೊರಿಲ್ಲಾ ಚಿತ್ರ ಸೇರಿಸಿ 24 ರೇಡಿಯಾಲಜಿಸ್ಟರಿಗೆ ಗಂಟು ಹುಡುಕಲು ಕೊಟ್ಟಿದ್ದರು. 20 ಮಂದಿಗೆ ಗೊರಿಲ್ಲಾ ಕಾಣಲಿಲ್ಲ, ಅವರಲ್ಲಿ ಹೆಚ್ಚಿನವರ ಕಣ್ಣು ಅದರ ಮೇಲೆಯೇ ಬಿದ್ದಿತ್ತು.

ಹಾಗಾಗಿ ಜಾಡು ತೋರಿಸಿ ಕೇಳುವ ಈ ಐದು ನಿಮಿಷವನ್ನು ಪ್ರತಿ ಮಗುವಿಗೂ ಇಡಿ, ಜೊತೆಗೆ ಪಾಠ ಎಷ್ಟು ಅರ್ಥವಾಯಿತು ಎಂದು ತಿಳಿಯಲು ನಾಲ್ಕು ಪ್ರಶ್ನೆ. ನಮ್ಮಲ್ಲಿ ಬಹುಪಾಲು ಮಕ್ಕಳು ‘ಸಾಂದ್ರೀಕರಣ’ದ ಮೇಲೆ ನಿಂತು, ಹಿಂದಿನ ಸಾಲಿಗೆ ಹೋಗಿ, ಮತ್ತೆ ಅದೇ ಪದಕ್ಕೆ ಬಂದರೇ ಹೊರತು ಚಿತ್ರದತ್ತ ಹೋಗಲಿಲ್ಲ. ‘ಚಿತ್ರದಲ್ಲಿ ಆ ಹೆಸರೇ ಇರ್ಲಿಲ್ಲ ಮಿಸ್’ ಎಂದರು ಇಬ್ಬರು. ತೆಗೆದು ನೋಡಿದರೆ ಹೌದು, ಚಿತ್ರದಲ್ಲಿ ‘ಮೋಡ’ ಎಂದಷ್ಟೇ ಬರೆದಿತ್ತು. ಈಗ ಮೋಡದ ಪಕ್ಕದಲ್ಲೇ ಆ ಪದ ಬರೆದು ಬಾಣ ಹಾಕಿ ಹೊಸ ಪುಟ ಮಾಡಿದ್ದೇವೆ. ಮೊದಲಿನ ಮಕ್ಕಳಿಗೆ ಪಾಠ ಗೊತ್ತಾಗಿರುವುದರಿಂದ, ಇದನ್ನು ಓದುವವರು ಅದೇ ತರಗತಿಯ ಇನ್ನೊಂದು ಸೆಕ್ಷನ್‌ನವರು.