ಶ್ರೀರಂಗಪಟ್ಟಣದ ಹೆಸರು ಹೊತ್ತ ಲಾರ್ಡ್‌ಗಳು: ಒಂದು ಪದವಿಯ ಜಾಡು ಹಿಡಿದ ನನ್ನ ಅನುಭವ

ಇಂಗ್ಲೆಂಡಿನಲ್ಲಿ ಇವತ್ತಿಗೂ ಒಂದು ವಂಶಪಾರಂಪರ್ಯ ಪದವಿ ಇದೆ, ಅದು ಇದ್ದವನನ್ನು 'ಲಾರ್ಡ್' ಎಂದು ಕರೆಯುತ್ತಾರೆ. ಅದರ ಪೂರ್ತಿ ಹೆಸರು 'ಬ್ಯಾರನ್ ಹ್ಯಾರಿಸ್, ಆಫ್ ಸೆರಿಂಗಪಟಮ್ ಅಂಡ್ ಮೈಸೂರ್ ಇನ್ ದ ಈಸ್ಟ್ ಇಂಡೀಸ್, ಅಂಡ್ ಆಫ್ ಬೆಲ್ಮಾಂಟ್ ಇನ್ ದ ಕೌಂಟಿ ಆಫ್ ಕೆಂಟ್'. ನಮ್ಮ ಶ್ರೀರಂಗಪಟ್ಟಣ, ನಮ್ಮ ಮೈಸೂರು, ಜೊತೆಗೆ ಕೆಂಟ್‌ನ ಒಂದು ಹಳ್ಳಿಮನೆ, ಮೂರೂ ಒಂದೇ ಸಾಲಿನಲ್ಲಿ. ಶ್ರೀರಂಗಪಟ್ಟಣದ ಕೋಟೆ ತೋರಿಸುತ್ತಾ ಊರಿನ ಕಥೆ ಹೇಳುವ ಹವ್ಯಾಸ ನನಗಿದೆ. ಈ ಸಾಲು ಕಣ್ಣಿಗೆ ಬಿದ್ದ ಮೇಲೆ ಸುಮ್ನೆ ಇರಲು ಆಗಲಿಲ್ಲ. 1815ರಿಂದ ಈಚೆಗೆ ಈ ಪದವಿ ಯಾರ ಯಾರ ಕೈ ದಾಟಿತು ಎಂದು ಹುಡುಕಲು ಕೂತೆ. ಇದೆಲ್ಲ ಮೈಸೂರಿನಲ್ಲಿ ಕೂತು, ಹೆಚ್ಚಿಗೆ ದುಡ್ಡು ಖರ್ಚಿಲ್ಲದೆ ಮಾಡಬಹುದಾದ ಕೆಲಸ. ಹಾಗಾಗಿ ಹೇಗೆ ಮಾಡಿದೆ ಅಂತ ಬರೆಯುತ್ತಿದ್ದೇನೆ.

ಇಲ್ಲಿ ಕಾಡುವ ತೊಂದರೆ ಒಂದೇ. ಹಳೆಯ ದಾಖಲೆಗಳಲ್ಲಿ ಬರೀ 'ಲಾರ್ಡ್ ಹ್ಯಾರಿಸ್' ಎಂದಿರುತ್ತದೆ. ಯಾವ ಹ್ಯಾರಿಸ್ ಎಂದು ಯಾರೂ ಬರೆಯುವುದಿಲ್ಲ. ಅಪ್ಪ ಸತ್ತ ದಿನವೇ ಮಗ ಲಾರ್ಡ್ ಹ್ಯಾರಿಸ್ ಆಗಿಬಿಡುತ್ತಾನೆ. ಅದರ ಮೇಲೆ ಈ ಮನೆಯಲ್ಲಿ ಜಾರ್ಜ್ ಎಂಬ ಹೆಸರಿಲ್ಲದ ತಲೆಮಾರೇ ಅಪರೂಪ. ಹಾಗಾಗಿ ಕಥೆ ಓದುವುದನ್ನು ಆಮೇಲೆ ಇಟ್ಟುಕೊಂಡೆ. ಮೊದಲು ಒಂದು ಹಾಳೆಯ ಮೇಲೆ ಯಾರು ಯಾವ ವರ್ಷದಿಂದ ಯಾವ ವರ್ಷದವರೆಗೆ ಎಂಬ ಪಟ್ಟಿ ಹಾಕಿದೆ. ಮೊದಲನೆಯವನು 1815ರಿಂದ 1829. ಎರಡನೆಯವನು 1845ರವರೆಗೆ. ಮೂರನೆಯವನು 1872ರವರೆಗೆ. ನಾಲ್ಕನೆಯವನು 1932ರವರೆಗೆ. ಐದನೆಯವನು 1984ರವರೆಗೆ. ಆರನೆಯವನು 1995ರವರೆಗೆ, ಏಳನೆಯವನು 1996ರವರೆಗೆ. ಈಗ ಇರುವವರು ಎಂಟನೆಯವರು. ಈ ಹಾಳೆ ಪಕ್ಕದಲ್ಲಿ ಇದ್ದರೆ ಅರ್ಧ ಗೊಂದಲ ಅಲ್ಲೇ ಬಗೆಹರಿಯುತ್ತದೆ.

ಪಟ್ಟಿಗೆ ಬೇಕಾದ ಮೂಲ ಸಿಗುವುದು ಮೂರು ಕಡೆ. ಶ್ರೀಮಂತ ಮನೆತನಗಳ ವಂಶಾವಳಿಯ ದಪ್ಪ ಪುಸ್ತಕಗಳು ಒಂದು. ಹಳೆಯ ಮುದ್ರಣಗಳು ಸ್ಕ್ಯಾನ್ ಆಗಿ ಪುಕ್ಕಟೆ ಸಿಗುತ್ತವೆ. ಎರಡನೆಯದು ಲಂಡನ್ ಗೆಜೆಟ್, ಅಂದರೆ ಅಲ್ಲಿನ ಸರ್ಕಾರಿ ರಾಜ್ಯಪತ್ರ. ಅದರ ಹಳೆಯ ಸಂಚಿಕೆಗಳೂ ಆನ್‌ಲೈನ್‌ನಲ್ಲಿವೆ. ಹುಡುಕುವಾಗ ಬ್ರಿಟಿಷರ ಕಾಗುಣಿತವನ್ನೇ ಹಾಕಬೇಕು, 'ಶ್ರೀರಂಗಪಟ್ಟಣ' ಎಂದರೆ ಏನೂ ಬರುವುದಿಲ್ಲ. ಮೂರನೆಯದು ಬ್ರಿಟಿಷ್ ಸಂಸತ್ತಿನ ಚರ್ಚೆಗಳ ದಾಖಲೆ, ಹ್ಯಾನ್ಸರ್ಡ್. ವಂಶಾವಳಿ ಪುಸ್ತಕಗಳನ್ನು ಪೂರ್ತಿ ನಂಬುವ ಹಾಗಿಲ್ಲ. ಎಷ್ಟೋ ವಿವರಗಳನ್ನು ಆಯಾ ಮನೆಯವರೇ ಕೊಟ್ಟಿರುತ್ತಾರೆ. ತಮ್ಮ ಮುತ್ತಜ್ಜನ ಬಗ್ಗೆ ಯಾರು ಕೆಟ್ಟದ್ದು ಬರೆದು ಕಳಿಸುತ್ತಾರೆ, ಅಲ್ವಾ?

ಇನ್ನೊಂದು ಜರಡಿಯೂ ಬೇಕು. ಹ್ಯಾರಿಸ್ ಎಂಬ ಹೆಸರಿನ ಲಾರ್ಡ್‌ಗಳು ಬೇರೆಯೂ ಇದ್ದಾರೆ. ಹ್ಯಾರಿಸ್ ಆಫ್ ಗ್ರೀನಿಚ್, ಹ್ಯಾರಿಸ್ ಆಫ್ ಹೈ ಕ್ರಾಸ್, ಹ್ಯಾರಿಸ್ ಆಫ್ ಪೆಕಮ್ ಇವೆಲ್ಲ ಇಪ್ಪತ್ತನೇ ಶತಮಾನದಲ್ಲಿ ಒಬ್ಬೊಬ್ಬರಿಗೆ ಕೊಟ್ಟ ಆಜೀವ ಪದವಿಗಳು. ಮಕ್ಕಳಿಗೆ ಹೋಗುವುದಿಲ್ಲ. ಮಾಮ್ಸ್‌ಬರಿಯ ಅರ್ಲ್‌ಗಳ ಮನೆಹೆಸರೂ ಹ್ಯಾರಿಸ್ಸೇ (ಅರ್ಲ್ ಎಂದರೆ ಬ್ಯಾರನ್‌ಗಿಂತ ಮೇಲಿನ ಪದವಿ). ನಮ್ಮ ಕಥೆಗೆ ಇವರು ಯಾರೂ ಸಂಬಂಧವಿಲ್ಲ.

ಈಗ ಮೊದಲನೆಯವನಿಗೆ ಬರೋಣ. ಜಾರ್ಜ್ ಹ್ಯಾರಿಸ್ ಹುಟ್ಟಿದ್ದು 1746ರಲ್ಲಿ, ಕೆಂಟ್‌ನ ಒಬ್ಬ ಪಾದ್ರಿಯ ಮನೆಯಲ್ಲಿ. ಹಣವಂತರಲ್ಲ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ, 1775ರ ಬಂಕರ್ ಹಿಲ್ ಕದನದಲ್ಲಿ ತಲೆಗೆ ಗುಂಡೇಟು ಬಿದ್ದು, ಬುರುಡೆ ಕೊರೆದು ಚಿಕಿತ್ಸೆ ಮಾಡಬೇಕಾಯಿತು. ಅಷ್ಟಾಗಿಯೂ ಬದುಕಿದ. ಮೂರನೇ ಮೈಸೂರು ಯುದ್ಧದಲ್ಲಿ ಆಗಿನ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಕೈಕೆಳಗಿದ್ದ. 1799ರಲ್ಲಿ ಟಿಪ್ಪು ಮೇಲೆ ದಂಡೆತ್ತಿ ಬಂದ ಸೈನ್ಯಕ್ಕೆ ಇವನೇ ಮುಖ್ಯಸ್ಥ. ಮೇ 4ರಂದು ಕೋಟೆ ಬಿತ್ತು. ನಮ್ಮಲ್ಲಿ ಎಷ್ಟೋ ಕಡೆ 'ಲಾರ್ಡ್ ಹ್ಯಾರಿಸ್ ಕೋಟೆ ಹಿಡಿದ' ಎಂದು ಬರೆಯುತ್ತಾರೆ. ಆಗ ಅವನು ಲಾರ್ಡ್ ಆಗಿರಲಿಲ್ಲ, ಜನರಲ್ ಹ್ಯಾರಿಸ್ ಅಷ್ಟೇ. ಲಾರ್ಡ್ ಆಗಲು ಇನ್ನೂ 16 ವರ್ಷ ಕಾಯಬೇಕಾಯಿತು.

ಈ 16 ವರ್ಷ ಯಾಕೆ ಎನ್ನುವುದೇ ಇಡೀ ಹುಡುಕಾಟದಲ್ಲಿ ನನ್ನನ್ನು ಹೆಚ್ಚು ಹಿಡಿದಿಟ್ಟ ಭಾಗ. ಕೋಟೆ ಬಿದ್ದ ಬೆನ್ನಿಗೇ, 1799ರ ಡಿಸೆಂಬರಿನಲ್ಲಿ, ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿಗೆ ಮಾರ್ಕ್ವಿಸ್ ಪದವಿ ಬಂತು, ಅದು ಬ್ಯಾರನ್, ಅರ್ಲ್ ಎರಡಕ್ಕಿಂತ ಮೇಲಿನದು. ಆದರೆ ಅದು ಐರ್ಲೆಂಡಿನ ಪದವಿ. ವೆಲ್ಲೆಸ್ಲಿ ಕೆಂಡಾಮಂಡಲನಾದ. 'ಎರಡು ಸಲ ಚಿನ್ನದ ಲೇಪ ಹಾಕಿದ ಆಲೂಗಡ್ಡೆ' ಎಂದು ಅದನ್ನು ಜರಿದ. ಯಾಕೆಂದರೆ ಐರಿಶ್ ಪದವಿ ಇದ್ದ ಮಾತ್ರಕ್ಕೆ ಬ್ರಿಟಿಷ್ ಸಂಸತ್ತಿನ ಮೇಲ್ಮನೆಯಾದ ವೆಸ್ಟ್‌ಮಿನ್‌ಸ್ಟರ್‌ನ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಕೂರುವ ಹಕ್ಕು ಬರುತ್ತಿರಲಿಲ್ಲ. ಹ್ಯಾರಿಸ್‌ಗೂ ಮೊದಲು ಐರಿಶ್ ಪದವಿಯನ್ನೇ ತೋರಿಸಿದರು. ಅವನು ಬೇಡ ಎಂದು, ಆ ಸಭೆಯಲ್ಲಿ ಕೂರುವ ಹಕ್ಕಿನ ಪದವಿಗಾಗಿ 1815ರವರೆಗೆ ಕಾದ. ಕೋಟೆಯ ಒಡಕಿನಿಂದ ಮುಂದೆ ನಿಂತು ನುಗ್ಗಿದ ಡೇವಿಡ್ ಬೇರ್ಡ್‌ಗಂತೂ 1809ರಲ್ಲಿ ಬರೀ ಬ್ಯಾರೊನೆಟ್ ಪದವಿ. ಅದು ಲಾರ್ಡ್‌ಗಿಂತ ಕೆಳಗಿನದು. ಹೆಸರಿನ ಮುಂದೆ 'ಸರ್' ಬರುತ್ತದೆ, ಲಾರ್ಡ್ಸ್‌ ಸಭೆಯಲ್ಲಿ ಕುರ್ಚಿ ಇಲ್ಲ. ಒಂದೇ ಕೋಟೆ, ಒಂದೇ ಗೆಲುವು, ಮೂರು ಜನರಿಗೆ ಮೂರು ಬೆಲೆ.

ದುಡ್ಡು ಮಾತ್ರ ತಡವಾಗಲಿಲ್ಲ. ಗೆದ್ದ ಊರಿನ ಸೊತ್ತನ್ನು ಸೈನ್ಯ ಪಾಲು ಮಾಡಿಕೊಳ್ಳುವುದು ಆಗಿನ ಪದ್ಧತಿ. ನಾವು ಅದಕ್ಕೆ ಲೂಟಿ ಎನ್ನುತ್ತೇವೆ, ಅವರ ಲೆಕ್ಕಪತ್ರದಲ್ಲಿ ಅದು ಬಹುಮಾನದ ಹಣ. ಹ್ಯಾರಿಸ್ ಎಂಟನೇ ಒಂದು ಪಾಲು ತೆಗೆದುಕೊಂಡ, ಹೆಚ್ಚುಕಡಿಮೆ 1 ಲಕ್ಷ 40 ಸಾವಿರ ಪೌಂಡ್. ಅದೇ ಸೈನ್ಯದಲ್ಲಿದ್ದ, ರಿಚರ್ಡ್ ವೆಲ್ಲೆಸ್ಲಿಯ ತಮ್ಮ ಆರ್ಥರ್‌ಗೆ ಸಿಕ್ಕಿದ್ದು ಸುಮಾರು 4 ಸಾವಿರ. ಇಷ್ಟು ದೊಡ್ಡ ಪಾಲು ಸರಿಯಲ್ಲ ಎಂದು ಈಸ್ಟ್ ಇಂಡಿಯಾ ಕಂಪನಿಯೇ ತಕರಾರು ತೆಗೆಯಿತು. ವ್ಯಾಜ್ಯ ಇಂಗ್ಲೆಂಡಿನ ರಾಜನ ಸಲಹಾ ಮಂಡಳಿಯಾದ ಪ್ರಿವಿ ಕೌನ್ಸಿಲ್‌ವರೆಗೆ ಹೋಗಿ ತೀರ್ಪು ಹ್ಯಾರಿಸ್ ಪರ ಬಂತು. 1801ರಲ್ಲಿ ಅವನು ಕೆಂಟ್‌ನ ಫ್ಯಾವರ್‌ಶಮ್ ಹತ್ತಿರ ಬೆಲ್ಮಾಂಟ್ ಮನೆ ಕೊಂಡ. ಪದವಿಯ ಹೆಸರಿನಲ್ಲಿ 'ಸೆರಿಂಗಪಟಮ್' ಪಕ್ಕದಲ್ಲಿ 'ಬೆಲ್ಮಾಂಟ್' ಕೂತಿರುವುದು ಸುಮ್ಮನೆ ಅಲ್ಲ. ಒಂದರ ದುಡ್ಡಿನಿಂದ ಇನ್ನೊಂದು ಬಂತು.

ಶ್ರೀರಂಗಪಟ್ಟಣದಲ್ಲಿ ಜನ ನನ್ನನ್ನು ಕೇಳುವ ಪ್ರಶ್ನೆ ಒಂದಿದೆ. 'ಹಾಗಾದ್ರೆ ಈ ಊರು ಅವರ ಸ್ವತ್ತಾಗಿತ್ತಾ ಸಾರ್?' ಇಲ್ಲ. ಪದವಿಯಲ್ಲಿ ಊರಿನ ಹೆಸರಿದ್ದರೆ ಅದು ಗೆಲುವಿನ ಗುರುತು ಮಾತ್ರ, ಒಂದು ಗಜ ಜಾಗದ ಮೇಲೂ ಹಕ್ಕಿಲ್ಲ. ದ್ವೀಪವನ್ನು 1799ರ ನಂತರ ಕಂಪನಿ ತಾನೇ ಇಟ್ಟುಕೊಂಡಿತು. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ವಾಪಸು ಕೊಟ್ಟಾಗ ದ್ವೀಪವೂ ಮೈಸೂರಿಗೆ ಸೇರಿತು, ಬದಲಿಗೆ ಬೆಂಗಳೂರಿನ ದಂಡು ಪ್ರದೇಶ ಬ್ರಿಟಿಷರ ಕೈಗೆ ಹೋಯಿತು.

ಮೊದಲ ಹ್ಯಾರಿಸ್ ಬಗ್ಗೆ ಹೆಚ್ಚು ವಿವರ ಕೊಡುವುದು 1840ರಲ್ಲಿ ಬಂದ ಅವನ ಜೀವನಚರಿತ್ರೆ. ಬರೆದವನು ಸ್ಟೀಫನ್ ಲಶಿಂಗ್ಟನ್. ಯಾರು ಅಂತ ನೋಡಿದರೆ ಅವನ ಅಳಿಯ! ಹಾಗಾಗಿ ಅದರಲ್ಲಿನ ತಾರೀಖು, ಪತ್ರಗಳನ್ನು ಇಟ್ಟುಕೊಂಡು ಹೊಗಳಿಕೆಯನ್ನು ಪಕ್ಕಕ್ಕೆ ಸರಿಸಿದೆ. ಆದರೆ ಈ ಅಳಿಯ ನಮಗೆ ಬೇಕಾದವನೇ. 1827ರಿಂದ 1832ರವರೆಗೆ ಮದರಾಸಿನ ಗವರ್ನರ್. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡದ್ದು ಗವರ್ನರ್ ಜನರಲ್ ಬೆಂಟಿಂಕ್. ಆಗ ಪಕ್ಕದ ಮದರಾಸಿನ ಗದ್ದುಗೆಯಲ್ಲಿ ಕೂತಿದ್ದವನು ಶ್ರೀರಂಗಪಟ್ಟಣ ಗೆದ್ದವನ ಅಳಿಯ. ವಂಶವೃಕ್ಷದಲ್ಲಿ ಗಂಡುಮಕ್ಕಳ ಸಾಲನ್ನು ಮಾತ್ರ ನೋಡುತ್ತಾ ಹೋದರೆ ಇಂಥ ಕೊಂಡಿಗಳು ಕೈತಪ್ಪುತ್ತವೆ. ಹೆಣ್ಣುಮಕ್ಕಳು ಯಾರನ್ನು ಮದುವೆಯಾದರು ಎಂಬುದನ್ನೂ ಬರೆದುಕೊಳ್ಳಿ.

ಲಾಂಛನದ ವಿಷಯ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಇಂಗ್ಲೆಂಡಿನಲ್ಲಿ ಲಾಂಛನವನ್ನು ಚಿತ್ರದಲ್ಲಷ್ಟೇ ಅಲ್ಲ, ಮಾತಿನಲ್ಲೂ ಬರೆದಿಡುತ್ತಾರೆ. ಆ ಭಾಷೆ ಅರ್ಧ ಹಳೆಯ ಫ್ರೆಂಚ್. ಬಣ್ಣಗಳಿಗೆ ಇರುವ ಹೆಸರು ಕಲಿತುಕೊಂಡರೆ ಓದಲು ಕಷ್ಟವಿಲ್ಲ. ಹ್ಯಾರಿಸ್ ಲಾಂಛನದ ತುದಿಯಲ್ಲಿ ಒಂದು ಹುಲಿ. ಹಸಿರು ಮೈ, ಚಿನ್ನದ ಪಟ್ಟೆ, ತಲೆಗೆ ಪೂರ್ವದೇಶದ ಕಿರೀಟ. ಎದೆಗೆ ಬಾಣ ನಾಟಿದೆ. ಹಣೆಯ ಮೇಲೆ ಪರ್ಷಿಯನ್ ಅಕ್ಷರಗಳಲ್ಲಿ 'ಹೈದರ್' ಎಂದಿದೆ. ಟಿಪ್ಪು ತನ್ನ ನಾಣ್ಯಗಳ ಮೇಲೆ ತಂದೆಯ ಹೆಸರಿನ ಮೊದಲಕ್ಷರ ಹಾಕಿಸುತ್ತಿದ್ದ. ಹುಲಿಯಂತೂ ಅವನ ಗುರುತೇ. ಎರಡನ್ನೂ ತೆಗೆದುಕೊಂಡು ಬಾಣ ಚುಚ್ಚಿ ಇಟ್ಟಿದ್ದಾರೆ. ಗುರಾಣಿಯ ಎರಡು ಕಡೆ ನಿಂತ ಸಿಪಾಯಿಗಳ ಕೈಯಲ್ಲಿ ಬ್ರಿಟಿಷರ ಬಾವುಟ, ಟಿಪ್ಪುವಿನ ಬಾವುಟ ಅದರ ಕೆಳಗೆ. ಟಿಪ್ಪು ಬಗ್ಗೆ ಒಬ್ಬೊಬ್ಬರಿಗೆ ಒಂದೊಂದು ಅಭಿಪ್ರಾಯ ಇರಬಹುದು. ಆದರೂ ಸತ್ತವನ ಅಪ್ಪನ ಹೆಸರನ್ನು ಗಾಯಗೊಂಡ ಪ್ರಾಣಿಯ ಹಣೆಗೆ ಬರೆದು ತಲೆಮಾರುಗಟ್ಟಲೆ ಮೆರೆಸುವುದು ನನಗೆ ಕೀಳು ಅನ್ನಿಸಿತು.

ಎರಡನೆಯವನು ವಿಲಿಯಂ ಜಾರ್ಜ್. ಹುಡುಗನಾಗಿದ್ದಾಗಲೇ ಅಪ್ಪನ ಜೊತೆ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ. ವಾಟರ್ಲೂ ಕದನದಲ್ಲಿ 73ನೇ ರೆಜಿಮೆಂಟಿನ ಒಂದು ಪಡೆ ನಡೆಸಿ ಗಾಯಗೊಂಡ. ಪದವಿ ಸಿಕ್ಕ ಮೇಲೆ ಅವನ ಬಗ್ಗೆ ಹೇಳುವಂಥದ್ದು ಜಾಸ್ತಿ ಇಲ್ಲ.

ಮೂರನೆಯವನು ಮತ್ತು ನಾಲ್ಕನೆಯವನು ಕನ್ನಡ ನಾಡಿನ ದಾಖಲೆ ಓದುವವರಿಗೆ ನಿಜವಾದ ತಲೆನೋವು. ಮೂರನೆಯವನು 1846ರಿಂದ ಟ್ರಿನಿಡಾಡ್‌ನ ಗವರ್ನರ್. ಅದರ ಹಿಂದಿನ ವರ್ಷ, 1845ರ ಮೇ 30ರಂದು, ಕೂಲಿ ಕರಾರಿನ ಭಾರತೀಯರನ್ನು ಹೊತ್ತ ಮೊದಲ ಹಡಗು ಅಲ್ಲಿಗೆ ಬಂದಿತ್ತು. 1854ರಲ್ಲಿ ಅವನು ಮದರಾಸಿನ ಗವರ್ನರ್ ಆಗಿ ಬಂದ. 1856ರಲ್ಲಿ ರಾಯಪುರಂ ನಿಲ್ದಾಣದಿಂದ ದಕ್ಷಿಣ ಭಾರತದ ಮೊದಲ ರೈಲು ಹೊರಟದ್ದು ಅವನ ಕಾಲದಲ್ಲೇ. 1857ರ ದಂಗೆಯ ಸಮಯದಲ್ಲಿ ಮದರಾಸಿನಿಂದ ಉತ್ತರಕ್ಕೆ ಸೈನ್ಯ ಕಳಿಸಿದವನೂ ಅವನೇ. ಮಂಗಳೂರು, ಬಳ್ಳಾರಿ ಆಗ ಮದರಾಸಿಗೆ ಸೇರಿದ್ದವು. ನಾಲ್ಕನೆಯವನು 1890ರಿಂದ 1895ರವರೆಗೆ ಬೊಂಬಾಯಿಯ ಗವರ್ನರ್. ಧಾರವಾಡ, ಬೆಳಗಾವಿ, ವಿಜಾಪುರ ಅವನ ಕೈಕೆಳಗೆ.

ಈಗ ಲೆಕ್ಕ ಹಾಕಿ. ಮಂಗಳೂರಿನ ಕಾಗದದಲ್ಲಿ 'ಗವರ್ನರ್ ಲಾರ್ಡ್ ಹ್ಯಾರಿಸ್' ಎಂದಿದ್ದರೆ ಅಪ್ಪ. ಧಾರವಾಡದ ಕಾಗದದಲ್ಲಿದ್ದರೆ ಮಗ. ಕಾರವಾರ, ಶಿರಸಿ ಕಡೆಯದ್ದಾದರೆ? ಇಬ್ಬರೂ ಆಗಬಹುದು! ಉತ್ತರ ಕನ್ನಡ 1862ರವರೆಗೆ ಮದರಾಸಿನಲ್ಲಿತ್ತು, ಆಮೇಲೆ ಬೊಂಬಾಯಿಗೆ ಹೋಯಿತು. ಅಲ್ಲಿ ಊರು ನೋಡಿ ತೀರ್ಮಾನ ಮಾಡುವ ಹಾಗಿಲ್ಲ, ತಾರೀಖೇ ಗತಿ. ಮೊದಲೇ ಹಾಕಿಟ್ಟ ಆ ಹಾಳೆ ಇಲ್ಲಿ ಕೆಲಸಕ್ಕೆ ಬರುತ್ತದೆ.

ನಾಲ್ಕನೆಯವನನ್ನು ಹುಡುಕುವುದು ಸುಲಭ, ಏಕೆಂದರೆ ಅವನು ಕ್ರಿಕೆಟಿಗ. ಹುಟ್ಟಿದ್ದು 1851ರಲ್ಲಿ ಟ್ರಿನಿಡಾಡ್‌ನಲ್ಲಿ. ಇಂಗ್ಲೆಂಡ್ ತಂಡದ ನಾಯಕ. 1879ರಲ್ಲಿ ಸಿಡ್ನಿಯಲ್ಲಿ ಅಂಪೈರ್ ತೀರ್ಪಿಗೆ ಸಿಟ್ಟಾದ ಜನ ಮೈದಾನಕ್ಕೆ ನುಗ್ಗಿದಾಗ ಏಟು ತಿಂದವನು ಇವನೇ. 1880ರಲ್ಲಿ ಓವಲ್‌ನಲ್ಲಿ ನಡೆದ, ಇಂಗ್ಲೆಂಡ್ ನೆಲದ ಮೊದಲ ಟೆಸ್ಟ್‌ಗೂ ನಾಯಕ. ಹಳೆಯ ಸ್ಕೋರ್ ಪಟ್ಟಿಗಳಲ್ಲಿ ಒಂದು ಮಜಾ ಇದೆ. 1872ಕ್ಕೆ ಮುಂಚಿನ ಪಂದ್ಯಗಳಲ್ಲಿ ಅವನು 'ಆನರಬಲ್ ಜಿ.ಆರ್.ಸಿ. ಹ್ಯಾರಿಸ್', ಬ್ಯಾರನ್‌ಗಳ ಮಕ್ಕಳನ್ನು ಕರೆಯುವುದೇ ಹಾಗೆ. ಆ ವರ್ಷದ ನವೆಂಬರಿನಲ್ಲಿ ಅಪ್ಪ ತೀರಿಕೊಂಡ. ಮುಂದಿನ ವರ್ಷದಿಂದ ಅದೇ ಬ್ಯಾಟ್ಸ್‌ಮನ್ 'ಲಾರ್ಡ್ ಹ್ಯಾರಿಸ್'. ಪದವಿ ಕೈ ಬದಲಾಯಿಸಿದ್ದು ಸ್ಕೋರ್ ಪುಸ್ತಕದಲ್ಲೂ ಕಾಣುತ್ತದೆ. ಗವರ್ನರ್ ಆಗಿ ಅವನಿಗೆ ಅಂಥ ಒಳ್ಳೆ ಹೆಸರಿಲ್ಲ. 1893ರ ಬೊಂಬಾಯಿ ಗಲಭೆಯಾದಾಗ ಪುಣೆಯಲ್ಲಿದ್ದ ಎಂಬ ಟೀಕೆ ಬಂತು. ಮುಂಬೈ ಶಾಲೆಗಳ ಹ್ಯಾರಿಸ್ ಶೀಲ್ಡ್ ಟೂರ್ನಿಗೆ ಇವನದೇ ಹೆಸರು. 1988ರಲ್ಲಿ ಸಚಿನ್ ಮತ್ತು ಕಾಂಬ್ಳಿ 664 ರನ್ ಜೊತೆಯಾಟ ಆಡಿದ್ದು ಅದರಲ್ಲೇ. ಶ್ರೀರಂಗಪಟ್ಟಣ ಗೆದ್ದ ಜನರಲ್‌ನ ಮರಿಮಗನ ಹೆಸರು ಅದು ಎಂದು ಹೇಳಿದರೆ ಹುಡುಗರು ಕಿವಿ ನೆಟ್ಟಗೆ ಮಾಡುತ್ತಾರೆ.

ಕೆಂಟ್‌ಗೆ ನಾನು ಹೋಗಿಲ್ಲ. ಇಂಗ್ಲೆಂಡಿನಲ್ಲಿರುವ ಅಕ್ಕನ ಮಗನಿಗೆ ಹೇಳಿದೆ, ಬೆಲ್ಮಾಂಟ್ ಪಕ್ಕದ ಥ್ರೌಲಿ ಹಳ್ಳಿಯ ಚರ್ಚಿಗೆ ಹೋಗಿ ಫೋಟೋ ಕಳಿಸು ಅಂತ. 'ಮಾಮ, ಇಲ್ಲಿ ನಿಮ್ಮ ಜನರಲ್ ನಿಂತಿದ್ದಾನೆ' ಎಂದು ಮೊದಲ ಹ್ಯಾರಿಸ್‌ನ ಪ್ರತಿಮೆಯ ಚಿತ್ರ ಕಳಿಸಿದ. ಸಮಾಧಿ ಬರಹಗಳು ತಾರೀಖು ತಾಳೆ ನೋಡಲು ಬಹಳ ಒಳ್ಳೆಯವು. ಚರ್ಚಿನೊಳಗಿನ ಕಲ್ಲನ್ನು ಎರಡು ಮೂರು ಕೋನದಿಂದ ತೆಗೆಯಲು ಹೇಳಿ, ಫ್ಲಾಶ್ ಬಿದ್ದರೆ ಅಕ್ಷರ ಮಾಯವಾಗುತ್ತದೆ. ಬೆಲ್ಮಾಂಟ್ ಮನೆ ಈಗ ಒಂದು ಟ್ರಸ್ಟ್ ಕೈಯಲ್ಲಿದೆ, ಜನ ನೋಡಬಹುದು. ಐದನೇ ಲಾರ್ಡ್ ಹ್ಯಾರಿಸ್‌ಗೆ ಗಡಿಯಾರದ ಹುಚ್ಚು. ಅವನು ಕೂಡಿಟ್ಟ 300ಕ್ಕೂ ಹೆಚ್ಚು ಗಡಿಯಾರಗಳು ಅಲ್ಲೇ ಇವೆ.

ಆರನೆಯವನಿಗೆ ಗಂಡುಮಕ್ಕಳಿರಲಿಲ್ಲ. ಇಂಥ ಹೊತ್ತಿನಲ್ಲಿ ಪದವಿ ಕೊಟ್ಟಾಗ ರಾಜ ಹೊರಡಿಸಿದ ಸನ್ನದಿನ ಮಾತುಗಳನ್ನು ನೋಡಬೇಕು. ಸಾಮಾನ್ಯವಾಗಿ ಅದು ಮೊದಲ ಒಡೆಯನ ನೇರ ಗಂಡು ಸಂತತಿಗೆ ಮಾತ್ರ ಎಂದಿರುತ್ತದೆ. ಮಗಳಿಗೂ ಇಲ್ಲ, ಮಗಳ ಮಗನಿಗೂ ಇಲ್ಲ. ಹಾಗಾಗಿ ವಂಶವೃಕ್ಷದಲ್ಲಿ ಮೇಲಕ್ಕೆ ಹತ್ತಿ ಬೇರೆ ಕೊಂಬೆಯಿಂದ ಇಳಿಯಬೇಕು. 1995ರಲ್ಲಿ ಪದವಿ ದೂರದ ದಾಯಾದಿ ಡೆರೆಕ್ ಮಾರ್ಷಲ್ ಹ್ಯಾರಿಸ್‌ಗೆ ಹೋಯಿತು. ಅವನಿಗೆ ಆಗ ಎಂಬತ್ತರ ಹತ್ತಿರ, ಮರುವರ್ಷವೇ ತೀರಿಕೊಂಡ. ಬೆಲ್ಮಾಂಟ್ ಮಾತ್ರ ಪದವಿಯ ಹಿಂದೆ ಹೋಗಲಿಲ್ಲ. ವಂಶಪಾರಂಪರ್ಯವಾಗಿ ಬಂದವರಿಗೆ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ತಾನಾಗಿ ಸಿಗುತ್ತಿದ್ದ ಜಾಗವನ್ನು 1999ರ ಕಾನೂನು ತೆಗೆದುಹಾಕಿತು. ಐರಿಶ್ ಪದವಿ ಬೇಡ ಎಂದು ಮೊದಲ ಹ್ಯಾರಿಸ್ ಕಾದು ಪಡೆದ ಹಕ್ಕು, ಕೋಟೆ ಬಿದ್ದ ಸರಿಯಾಗಿ 200 ವರ್ಷಕ್ಕೆ ಹೋಯಿತು.

ಇದೇ ದಾರಿಯಲ್ಲಿ ಇನ್ನೊಂದನ್ನು ಮಾಡಿ ನೋಡಬೇಕೆನ್ನುವವರು ಕಾರ್ನ್‌ವಾಲಿಸ್ ಪದವಿಯನ್ನು ಎತ್ತಿಕೊಳ್ಳಬಹುದು. 1792ರಲ್ಲಿ ಟಿಪ್ಪುವಿನ ಅರ್ಧ ರಾಜ್ಯ ಕಿತ್ತುಕೊಂಡ ಬೆನ್ನಿಗೆ ಅವನು ಮಾರ್ಕ್ವಿಸ್ ಆದ. ಅವನ ಮಗನಿಗೆ ಐವರೂ ಹೆಣ್ಣುಮಕ್ಕಳು. 1823ರಲ್ಲಿ ಮಾರ್ಕ್ವಿಸ್ ಪದವಿ ಅಳಿಯಿತು. ಅದಕ್ಕಿಂತ ಹಳೆಯದಾದ ಅರ್ಲ್ ಪದವಿ ಬಿಷಪ್ ಆಗಿದ್ದ ಚಿಕ್ಕಪ್ಪನಿಗೆ ಹೋಗಿ, 1852ರಲ್ಲಿ ಅದೂ ಮುಗಿಯಿತು. ಹೆಸರುಗಳು ಕಡಿಮೆ, ದಾಖಲೆಗಳು ಬೇಕಾದಷ್ಟು. ಕೈ ಪಳಗಿಸಿಕೊಳ್ಳಲು ಹ್ಯಾರಿಸ್‌ಗಿಂತ ಅದೇ ವಾಸಿ.